ಆಶಾನ್, ಅರಮನೆ ಮತ್ತು ನಮ್ಮ ಮನೆಯ ಒಂದನೇ ಕ್ಲಾಸು

ಕೇರಳದಲ್ಲಿ ಕೂತು ಮಗಳನ್ನು ಶಾಲೆಗೆ ಕಳಿಸುವುದಿಲ್ಲ ಎನ್ನುವುದು ಮಂಗಳೂರಿನಲ್ಲಿ ಕೂತು ಮೀನು ಮುಟ್ಟುವುದಿಲ್ಲ ಎಂದಹಾಗೆ. ಯಾರೂ ಬೈಯುವುದಿಲ್ಲ. ಆದರೆ ಎಲ್ಲರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಐದು ವರ್ಷ ಕಳೆದು, ಈಗ ಕೊಚ್ಚಿಯ ಕಾಕ್ಕನಾಡಿಗೆ ಬಂದಿರುವ ನಮ್ಮಿಬ್ಬರಿಗೂ ಈ ಮೌನ ಚೆನ್ನಾಗಿ ಪರಿಚಯವಾಗಿದೆ. ಮಗಳಿಗೆ ಐದೂವರೆ. ಎಂಟು ವರ್ಷವಾಗುವ ತನಕ ಮನೆಯಲ್ಲೇ ಕಲಿಸೋಣ, ಆಮೇಲೆ ನೋಡೋಣ ಎಂದು ನಿರ್ಧರಿಸಿದ್ದೇವೆ. ಕಾರಣಗಳು ದೊಡ್ಡವೇನಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಊರು ಬದಲಿಸುವ ನೌಕರಿ, ಬೆಳಗ್ಗೆ ಏಳಕ್ಕೇ ಗೇಟಿನ ಮುಂದೆ ನಿಲ್ಲುವ ಸ್ಕೂಲ್ ಬಸ್ಸು, ಮತ್ತು ಮನೆಯ ಹೊರಗೆ ಎಲ್ಲೂ ಸಿಗದ ಕನ್ನಡ.

ಹೇಗೆ ಶುರು ಮಾಡುವುದು ಎಂದು ಹುಡುಕುವಾಗ ಸಿಗುವುದೆಲ್ಲ ಅಮೆರಿಕದ ಪುಸ್ತಕಗಳೇ. ಮನೆಪಾಠವೆಂದರೆ ಏನೋ ಹೊರದೇಶದಿಂದ ಬಂದ ಹೊಸ ಸರಕು ಎಂಬ ಭಾವನೆ ಅಲ್ಲಿಂದಲೇ ಹುಟ್ಟುವುದು. ನನಗೆ ಚರಿತ್ರೆಯ ಹುಚ್ಚು. ಹಾಗಾಗಿ ಟೈಮ್‌ಟೇಬಲ್ ಬರೆಯುವ ಕೆಲಸ ಹೆಂಡತಿಗೆ ಬಿಟ್ಟು, ಈ ನೆಲದಲ್ಲಿ ಮಕ್ಕಳು ಶಾಲೆಗೆ ಮುಂಚೆ ಎಲ್ಲಿ ಕಲಿಯುತ್ತಿದ್ದರು ಎಂದು ನೋಡಲು ಹೊರಟೆ.

ಮನೆಯಲ್ಲೇ ಕಲಿಯುತ್ತಿದ್ದರು, ಇಲ್ಲವೇ ಮನೆಯ ಜಗಲಿಯಲ್ಲಿ. ಮಲಯಾಳದಲ್ಲಿ ಅದಕ್ಕೆ ಕುಡಿಪ್ಪಳ್ಳಿಕ್ಕೂಡಂ ಎಂದು ಹೆಸರು. ಉಳ್ಳವರೊಬ್ಬರ ಮನೆಯ ಚಾವಡಿಯಲ್ಲೋ ತನ್ನದೇ ಗುಡಿಸಲಿನಲ್ಲೋ ಆಶಾನ್ ಕೂರುತ್ತಿದ್ದ. ಎಳುತ್ತಚ್ಛನ್ ಎಂದರೂ ಅವನೇ. ಸುತ್ತಲ ನಾಲ್ಕಾರು ಮನೆಯ ಮಕ್ಕಳು ನೆಲದ ಮೇಲೆ ಮರಳು ಹರಡಿ ತೋರುಬೆರಳಿನಲ್ಲಿ ಅಕ್ಷರ ತೀಡುತ್ತಿದ್ದರು. ಇದು ‘ನಿಲತ್ತೆಳುತ್ತು’, ಅಂದರೆ ನೆಲಬರಹ. ಕೈ ಕುದುರಿದ ಮೇಲೆ ತಾಳೆಗರಿ ಮತ್ತು ನಾರಾಯಂ ಎಂಬ ಕಬ್ಬಿಣದ ಕಂಟ. ಕಣಿಯಾನ್ ಜಾತಿಯ ಜೋಯಿಸರು ಎಷ್ಟೋ ಹಳ್ಳಿಗಳಲ್ಲಿ ಈ ಆಶಾನ್ ಕೆಲಸ ಮಾಡುತ್ತಿದ್ದರು. ನಮ್ಮ ಕಡೆಯ ಐಗಳ ಮಠ, ಕೂಲಿಮಠಗಳನ್ನು ನೆನಪಿಸಿಕೊಳ್ಳಿ. ಅದೇ ಮರಳು, ಅದೇ ಬೆತ್ತ, ಅದೇ ಕಾಳುಕಡಿಯ ಸಂಬಳ. ಅಲ್ಲಿ ‘ಹರಿಶ್ರೀ’ಯಿಂದ ಶುರು, ನಮ್ಮಲ್ಲಿ ‘ಓನಾಮ’ದಿಂದ. ಅಕ್ಷರಾಭ್ಯಾಸಕ್ಕೆ ಮಲಯಾಳಿಗಳು ಇವತ್ತಿಗೂ ಸಾಲುಗಟ್ಟಿ ಬರುವುದು ನಮ್ಮ ಕೊಲ್ಲೂರಿಗೆ. ತಿರುವನಂತಪುರದಲ್ಲಿ ನಮ್ಮ ಪಕ್ಕದ ಮನೆಯವರು ರಾತ್ರಿಯಿಡೀ ರೈಲಿನಲ್ಲಿ ಕೂತು ಮಗುವನ್ನು ಮೂಕಾಂಬಿಕೆಯ ಮುಂದೆ ಕೂರಿಸಿ ಬಂದರು. ಕುಂದಾಪುರದ ಕಡೆಯವರಾದ ನಾವು ಮಾತ್ರ ಫ್ಲ್ಯಾಟಿನಲ್ಲೇ ಸ್ಟೀಲ್ ತಟ್ಟೆಗೆ ಅಕ್ಕಿ ಸುರಿದು ಮುಗಿಸಿದೆವು.

ಮನೆಪಾಠದ ಇನ್ನೊಂದು ರೂಪ ಅರಮನೆಯಲ್ಲಿತ್ತು. 1813ರಲ್ಲಿ ಹುಟ್ಟಿದ ಸ್ವಾತಿ ತಿರುನಾಳ್ ಯಾವ ಶಾಲೆಗೂ ಹೋದವರಲ್ಲ. ತಂಜಾವೂರಿನಿಂದ ಬಂದ ಸುಬ್ಬರಾವ್ ಎಂಬ ಮರಾಠಿ ಬ್ರಾಹ್ಮಣ ಅವರಿಗೆ ಇಂಗ್ಲಿಷ್ ಕಲಿಸಿದರು. ಮುಂದೆ ಅವರೇ ದಿವಾನರಾದರು. 1849ರಲ್ಲಿ ಮುಂದಿನ ಪೀಳಿಗೆಯ ರಾಜಕುಮಾರರಿಗೆ ಮೇಷ್ಟರಾಗಿ ಬಂದವರು ಟಿ. ಮಾಧವರಾವ್. ಅವರೂ ಹತ್ತು ವರ್ಷದೊಳಗೆ ದಿವಾನರಾದರು. ಮನೆಮೇಷ್ಟರ ಕೆಲಸಕ್ಕೆ ಇಷ್ಟು ಒಳ್ಳೆಯ ಬಡ್ತಿ ಬೇರೆಲ್ಲೂ ಇದ್ದಂತಿಲ್ಲ. ಇದೇ ಮಾಧವರಾಯರು ಆಮೇಲೆ ಬರೋಡಾಕ್ಕೆ ಹೋದರು. ಅಲ್ಲಿ ದತ್ತು ಬಂದಿದ್ದ, ಹಳ್ಳಿಯಲ್ಲಿ ಬೆಳೆದ ಹುಡುಗ ಸಯಾಜಿರಾವ್ ಗಾಯಕವಾಡ್ ದೊಡ್ಡವನಾಗುವವರೆಗೆ ಆಡಳಿತ ನಡೆಸಿದರು. ಆ ಹುಡುಗ ಕಲಿತದ್ದೂ ಅರಮನೆಯ ಮೇಷ್ಟರಿಂದಲೇ. ಅವನೇ 1906ರಲ್ಲಿ ತನ್ನ ಇಡೀ ರಾಜ್ಯದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದ. ಮನೆಯಲ್ಲಿ ಓದಿದವನು ಊರಿನ ಮಕ್ಕಳಿಗೆಲ್ಲ ಶಾಲೆ ಕಡ್ಡಾಯ ಮಾಡಿದ್ದು ನನಗೆ ಬಹಳ ಇಷ್ಟವಾದ ತಿರುವು.

ತಿರುವಿತಾಂಕೂರಿನಲ್ಲಿ ಸರಕಾರ ಶಿಕ್ಷಣದ ಖರ್ಚು ಹೊರಬೇಕೆಂಬ ನಿರೂಪ ಹೊರಟದ್ದು ಇನ್ನೂ ಮುಂಚೆ, 1817ರಲ್ಲಿ. ಹೊರಡಿಸಿದ ರಾಣಿ ಗೌರಿ ಪಾರ್ವತಿ ಬಾಯಿಗೆ ಆಗ ಹದಿನೈದರ ಆಸುಪಾಸಿನ ವಯಸ್ಸು. ಕೇರಳದ ಪಠ್ಯಪುಸ್ತಕಗಳು ಇದನ್ನು ಹೆಮ್ಮೆಯಿಂದ ಹೇಳುತ್ತವೆ, ಹೇಳಬೇಕಾದ್ದೇ. ಆದರೆ ಕಾಗದದ ಮೇಲಿನ ಶಾಲೆಗೂ ನೆಲದ ಮೇಲಿನ ಶಾಲೆಗೂ ಬಹಳ ದೂರವಿತ್ತು. ತಿರುವನಂತಪುರದ ಇಂಗ್ಲಿಷ್ ಶಾಲೆ ಶುರುವಾಗಲು 1834 ಬರಬೇಕಾಯಿತು. ಅದು ರಾಜಾಸ್ ಫ್ರೀ ಸ್ಕೂಲ್ ಆಗಿ, 1866ರಲ್ಲಿ ಕಾಲೇಜಾಗಿ, ಇವತ್ತು ಯೂನಿವರ್ಸಿಟಿ ಕಾಲೇಜು ಎಂದು ಪಾಳಯದಲ್ಲಿ ನಿಂತಿದೆ. ಎರ್ನಾಕುಳದ ಮಹಾರಾಜಾಸ್ ಕಾಲೇಜಿನ ಬೇರು ಕೂಡ 1845ರ ಒಂದು ಇಂಗ್ಲಿಷ್ ಶಾಲೆಯಲ್ಲಿದೆ. ಫ್ರೀ ಎಂದರೆ ಫೀಜು ಇಲ್ಲ ಎಂದಷ್ಟೇ ಅರ್ಥ. ಯಾರು ಬೇಕಾದರೂ ಒಳಗೆ ಬರಬಹುದು ಎಂದಲ್ಲ.

ಟೆಕ್ನೋಪಾರ್ಕಿನ ಕ್ಯಾಂಟೀನಿನಲ್ಲಿ ನಮ್ಮ ಯೋಜನೆಯನ್ನು ಹೇಳಿಕೊಂಡಾಗ ನೆಯ್ಯಾಟ್ಟಿನ್‌ಕರ ಕಡೆಯ ಸಹೋದ್ಯೋಗಿಯೊಬ್ಬ ನಕ್ಕು, “ನಿಮ್ಮವರಿಗೆ ಶಾಲೆ ಬೇಜಾರಾಗಿದೆ, ನಮ್ಮವರು ಒಳಗೆ ಹೋಗಿ ನೂರು ವರ್ಷ ಆಯಿತಷ್ಟೆ” ಎಂದ. ಆಮೇಲೆ ಪಂಚಮಿಯ ಕತೆ ಹೇಳಿದ.

ತಿರುವನಂತಪುರದ ದಕ್ಷಿಣಕ್ಕೆ ವೆಂಗಾನೂರು ಎಂಬ ಊರಿದೆ. ಅಯ್ಯಂಕಾಳಿ ಹುಟ್ಟಿದ್ದು ಅಲ್ಲಿ, 1863ರಲ್ಲಿ, ಪುಲಯರ ಮನೆಯಲ್ಲಿ. ಅಕ್ಷರ ಕಲಿಯುವ ಅವಕಾಶ ಅವರಿಗೆ ಸಿಗಲಿಲ್ಲ. ಆಶಾನನ ಮರಳು ಪುಲಯರ ಮಕ್ಕಳಿಗೆ ಇರಲಿಲ್ಲ. ಕುಡಿಪ್ಪಳ್ಳಿಕ್ಕೂಡದ ಬಗ್ಗೆ ಇಂಪಾಗಿ ಬರೆಯುವವರು ಈ ಒಂದು ವಾಕ್ಯವನ್ನು ಬಿಟ್ಟುಬಿಡುತ್ತಾರೆ. 1893ರಲ್ಲಿ ಅವರು ಎತ್ತಿನ ಗಾಡಿ ಕಟ್ಟಿಕೊಂಡು, ಪುಲಯರು ನಡೆಯಬಾರದಾಗಿದ್ದ ರಾಜಬೀದಿಯಲ್ಲಿ ಹೊರಟರು. 1904-05ರ ಸುಮಾರಿಗೆ ವೆಂಗಾನೂರಿನಲ್ಲಿ ತಮ್ಮ ಜನರಿಗೆಂದು ಒಂದು ಶಾಲೆಯ ಗುಡಿಸಲು ಕಟ್ಟಿದರು. ಮೇಲ್ಜಾತಿಯವರು ಕೆಡವಿದರು, ಇವರು ಮತ್ತೆ ಕಟ್ಟಿದರು. 1907ರಲ್ಲಿ ಸಾಧುಜನ ಪರಿಪಾಲನ ಸಂಘ ಹುಟ್ಟಿತು. ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸದಿದ್ದರೆ ನಿಮ್ಮ ಗದ್ದೆಗೆ ಇಳಿಯುವುದಿಲ್ಲ ಎಂದು ಕೂಲಿಗಳು ಕೈಕಟ್ಟಿ ನಿಂತರು. ಒಂದನೇ ಕ್ಲಾಸಿನ ಸೀಟಿಗಾಗಿ ನಡೆದ ಮುಷ್ಕರ ಅದು. ಕೂಲಿ ಹೆಚ್ಚಿಸಿ ಎಂದು ಕೇಳುವುದಕ್ಕಿಂತ ಮೊದಲು ಅಕ್ಷರ ಕೊಡಿ ಎಂದು ಕೇಳಿದರಲ್ಲ, ಆ ಸರದಿಯನ್ನು ಗಮನಿಸಿ.

ಪುಲಯ ಮಕ್ಕಳನ್ನು ಸೇರಿಸಿಕೊಳ್ಳಬಹುದೆಂದು ಸರಕಾರ ಆಜ್ಞೆ ಹೊರಡಿಸಿದರೂ ಹೆಡ್‌ಮಾಸ್ಟರುಗಳು ಬಾಗಿಲು ತೆರೆಯಲಿಲ್ಲ. 1910ರ ದಶಕದಲ್ಲಿ ಅಯ್ಯಂಕಾಳಿ ಪಂಚಮಿ ಎಂಬ ಹುಡುಗಿಯ ಕೈಹಿಡಿದು ಊರೂಟ್ಟಂಬಲದ ಶಾಲೆಯೊಳಗೆ ನಡೆದರು. ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಶಾಲೆಗೆ ಬೆಂಕಿ ಬಿತ್ತು. ಸುತ್ತಲ ಊರುಗಳಲ್ಲಿ ಹೊಡೆದಾಟ ಹಬ್ಬಿತು. ಅರ್ಧ ಸುಟ್ಟ ಬೆಂಚೊಂದನ್ನು ಆ ಶಾಲೆಯಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. 2022ರಲ್ಲಿ ಶಾಲೆಗೆ ಅಯ್ಯಂಕಾಳಿ ಮತ್ತು ಪಂಚಮಿ ಇಬ್ಬರ ಹೆಸರನ್ನೂ ಇಟ್ಟರು. 1937ರಲ್ಲಿ ಗಾಂಧೀಜಿ ವೆಂಗಾನೂರಿಗೆ ಬಂದಾಗ ಅಯ್ಯಂಕಾಳಿ ತಮ್ಮ ಆಸೆಯೆಂದು ಹೇಳಿದ್ದು, ತಮ್ಮ ಸಮುದಾಯದಲ್ಲಿ ಹತ್ತು ಮಂದಿ ಬಿ.ಎ. ಪಾಸಾದವರನ್ನು ನೋಡಬೇಕು ಎಂಬುದನ್ನು.

ಇದೆಲ್ಲ ತಿಳಿದ ಮೇಲೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ನಾವು ಶಾಲೆ ಬಿಟ್ಟರೂ ಸೀಟು ನಮಗೇ ಇರುತ್ತೆ, ಅದೇ ವ್ಯತ್ಯಾಸ” ಎಂದಳು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬಂದಿಲ್ಲ. ಮನೆಯಲ್ಲಿ ಕಲಿಸುವುದು ಎರಡು ಸಂಬಳ, ಒಂದು ಖಾಲಿ ಕೋಣೆ ಮತ್ತು ಓದುಬರಹ ಬಲ್ಲ ಅಜ್ಜ ಅಜ್ಜಿ ಇದ್ದವರ ಆಯ್ಕೆ. ಅದನ್ನು ಕ್ರಾಂತಿ ಎಂದು ಕರೆಯುವವರ ಜೊತೆ ನನಗೆ ಸಹಮತವಿಲ್ಲ.

ಮನೆಯೇ ಎಲ್ಲವನ್ನೂ ಕಲಿಸುತ್ತದೆ ಎಂದೂ ಅಲ್ಲ. ನಂಬೂದಿರಿ ಇಲ್ಲಂಗಳನ್ನು ನೋಡಿ. 1896ರಲ್ಲಿ ಹುಟ್ಟಿದ ವಿ.ಟಿ. ಭಟ್ಟತಿರಿಪ್ಪಾಡ್ ಹುಡುಗನಾಗಿದ್ದಾಗ ವೇದ ಬಾಯಿಪಾಠ ಮಾಡಿದ್ದರು, ಆದರೆ ಮಲಯಾಳಂ ಓದಲು ಬರುತ್ತಿರಲಿಲ್ಲ. ದೇವಸ್ಥಾನದಲ್ಲಿ ಪೂಜೆಗಿದ್ದಾಗ ಶಾಲೆಗೆ ಹೋಗುವ ಪುಟ್ಟ ಹುಡುಗಿಯೊಬ್ಬಳು ಲೆಕ್ಕ ಹೇಳಿಕೊಡಿ ಎಂದು ಪುಸ್ತಕ ಮುಂದೆ ಹಿಡಿದಳು. ನಾಚಿಕೆಯಿಂದ ಕುಗ್ಗಿ, ಅವಳಿಂದಲೇ ಅಕ್ಷರ ಕಲಿತರು. ಕೊನೆಗೆ ಬೆಲ್ಲ ಕಟ್ಟಿ ತಂದ ಕಾಗದದ ಮೇಲಿದ್ದ ಕೊಡೆಯ ಜಾಹೀರಾತನ್ನು ತಾವೇ ಓದಿದರಂತೆ. ಮುಂದೆ ನಂಬೂದಿರಿ ಸಮಾಜವನ್ನು ಬುಡಸಮೇತ ಅಲುಗಿಸಿದ ನಾಟಕಕಾರ ಹುಟ್ಟಿದ್ದು ಆ ಬೆಲ್ಲದ ಪೊಟ್ಟಣದಿಂದ. ಇದಕ್ಕೆ ಎದುರಾಗಿ, 1909ರಲ್ಲಿ ಹುಟ್ಟಿದ ಲಲಿತಾಂಬಿಕಾ ಅಂತರ್ಜನಂ ಇದ್ದಾರೆ. ಅದೇ ಬಗೆಯ ಇಲ್ಲದ ಗೋಡೆಗಳ ಒಳಗೆ, ಶಾಲೆಯ ಬದಲು ಮನೆಗೆ ಬಂದ ಮೇಷ್ಟರಿಂದ ಕಲಿತು ‘ಅಗ್ನಿಸಾಕ್ಷಿ’ ಬರೆಯುವಷ್ಟು ಬೆಳೆದರು. ಮನೆಯಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಕನ್ನಡದವರಿಗೆ ಈ ಮಾತು ಬಂದ ಕೂಡಲೇ ನೆನಪಾಗುವುದು ಪುತ್ತೂರಿನ ಬಾಲವನ. ಶಿವರಾಮ ಕಾರಂತರು ತಮ್ಮ ಮಕ್ಕಳನ್ನು ಎಳೆಯದರಲ್ಲಿ ಶಾಲೆಗೆ ಹಚ್ಚಲಿಲ್ಲ. ಹುಲಿಗಳನ್ನು ಎಣಿಸುವ ವಿಧಾನವನ್ನೇ ಬದಲಿಸಿದ ಉಲ್ಲಾಸ ಕಾರಂತರು ಸುಮಾರು ಹನ್ನೊಂದರವರೆಗೆ ಮನೆಯಲ್ಲೇ ಕಲಿತವರು. ಮಗಳು ಮಾಳವಿಕಾ ಕಪೂರ್ ನಿಮ್ಹಾನ್ಸಿನಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞೆಯಾದರು. ಆದರೆ ಆ ಮನೆಯಲ್ಲಿ ‘ಬಾಲ ಪ್ರಪಂಚ’ ಬರೆದ ಅಪ್ಪ ಇದ್ದರು, ಲೀಲಾ ಕಾರಂತರಿದ್ದರು, ಸುತ್ತ ಕಾಡಿತ್ತು. ನಮಗೆ ಹನ್ನೊಂದನೇ ಮಹಡಿಯ ಬಾಲ್ಕನಿ ಇದೆ.

ಕಾನೂನಿನ ವಿಚಾರವನ್ನು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ಶಿಕ್ಷೆಯನ್ನೇನೂ ಹೇಳುವುದಿಲ್ಲ. ಮನೆಪಾಠದ ಬಗ್ಗೆ ಅದರಲ್ಲಿ ಮಾತೇ ಇಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಮೂರು, ಐದು, ಎಂಟನೇ ತರಗತಿಗೆ ಸಮನಾದ ಮೂರು ಹಂತಗಳಿವೆ. ಹದಿನಾಲ್ಕು ತುಂಬಿದ ಮೇಲೆ ಹತ್ತನೇ ತರಗತಿಯ ಪರೀಕ್ಷೆ ಕಟ್ಟಬಹುದು. ಇಷ್ಟು ಬಾಗಿಲು ತೆರೆದಿದ್ದರೆ ನಮಗೆ ಸಾಕು.

ಇನ್ನು ಭಾಷೆ. 2017ರಲ್ಲಿ ಕೇರಳ ಸರಕಾರ ಹತ್ತನೇ ತರಗತಿಯವರೆಗೆ ಎಲ್ಲ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿತು. ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು, ನ್ಯಾಯವಾಗಿಯೇ ಇಳಿದರು. ಅವರು ವಲಸೆ ಬಂದವರಲ್ಲ, ಗಡಿ ಅವರ ಮೇಲೆ ಹಾದುಹೋದದ್ದು. ನಮ್ಮಂಥವರ ಮಾತು ಬೇರೆ. ಕೊಚ್ಚಿಯಲ್ಲಿ ಉಣ್ಣುತ್ತ ಮಲಯಾಳಂ ಕಲಿಯದೆ ಇರುವುದು ಸಭ್ಯತೆಯಲ್ಲ. ಆದ್ದರಿಂದ ಮಗಳ ಟೈಮ್‌ಟೇಬಲ್ಲಿನಲ್ಲಿ ಕನ್ನಡ ನಮ್ಮದು, ಮಲಯಾಳಂ ಕೆಳಗಿನ ಮಹಡಿಯ ನಿವೃತ್ತ ಟೀಚರಮ್ಮನದು.

ಈ ಟೀಚರಮ್ಮನಿಗೆ ಮನೆಪಾಠ ಹೊಸದಲ್ಲ. 1989ರ ಜನವರಿಯಿಂದ ಒಂದು ವರ್ಷ ಎರ್ನಾಕುಳಂ ಜಿಲ್ಲೆಯಲ್ಲಿ ನಡೆದ ಸಾಕ್ಷರತಾ ಆಂದೋಲನದಲ್ಲಿ ಅವರೂ ಇದ್ದರು. ಶಾಸ್ತ್ರ ಸಾಹಿತ್ಯ ಪರಿಷತ್ತು ಮತ್ತು ಜಿಲ್ಲಾಡಳಿತ ಸೇರಿ ಸಾವಿರಾರು ಸ್ವಯಂಸೇವಕರನ್ನು ಮನೆಗಳಿಗೆ ಕಳಿಸಿದವು. ಕಲಿಯುವವರು ಮುದುಕರು, ಮೀನುಗಾರರು, ಕಲ್ಲು ಒಡೆಯುವವರು. ಕಲಿಸುವವರಲ್ಲಿ ಕಾಲೇಜು ಹುಡುಗಿಯರೂ ಇದ್ದರು. ಅಡುಗೆಮನೆ, ಜಗಲಿ, ದನದ ಕೊಟ್ಟಿಗೆ, ಎಲ್ಲಿ ದೀಪವಿತ್ತೋ ಅಲ್ಲಿ ಕ್ಲಾಸು. 1990ರ ಫೆಬ್ರವರಿ 4ರಂದು ಎರ್ನಾಕುಳಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎಂದು ಪ್ರಧಾನಿ ವಿ.ಪಿ. ಸಿಂಗ್ ಘೋಷಿಸಿದರು. ಪಂಚಮಿಯ ಎದುರು ಮುಚ್ಚಿದ ಶಾಲೆಯ ಸಾಲವನ್ನು ಎಂಬತ್ತು ವರ್ಷದ ನಂತರ ಮನೆಗಳು ತೀರಿಸಿದಂತೆ ನನಗೆ ಕಾಣುತ್ತದೆ. ಇದು ಚರಿತ್ರಕಾರರು ಒಪ್ಪುವ ಮಾತೋ ಅಲ್ಲವೋ.

ನಮ್ಮ ಕ್ಲಾಸು ಬೆಳಗ್ಗೆ ಎಂಟರಿಂದ ಒಂಬತ್ತೂವರೆ. ಚೆರಾಯಿ ಕಡಲತಡಿಯಿಂದ ತಂದ ಮರಳನ್ನು ಮೂರು ಸಲ ತೊಳೆದು ಬೇಕಿಂಗ್ ಟ್ರೇಯಲ್ಲಿ ಹರಡಿದ್ದೇವೆ. ಪೆನ್ಸಿಲ್ ಹಿಡಿಯಲು ಹಟ ಮಾಡುವ ಮಗು ಬೆರಳಿನಲ್ಲಿ ‘ಅ’ದಿಂದ ‘ಳ’ದವರೆಗೆ ಹತ್ತು ವಾರದಲ್ಲಿ ಮುಗಿಸಿತು. ಆಶಾನನಿಗೆ ಗೊತ್ತಿದ್ದದ್ದು ಮಾಂಟೆಸರಿ ಕಿಟ್ ಮಾರುವವರಿಗೂ ಗೊತ್ತು, ಬೆಲೆ ಮಾತ್ರ ಬೇರೆ. ಲೆಕ್ಕಕ್ಕೆ ಮಂಜಾಡಿ ಬೀಜ. ಸಂಜೆ ಟೀಚರಮ್ಮನ ಮನೆಯಲ್ಲಿ ಮಲಯಾಳಂ, ಅಲ್ಲಿ ಇನ್ನೂ ನಾಲ್ಕು ಮಕ್ಕಳು ಸೇರುತ್ತಾರೆ. ಅವರೆಲ್ಲ ಶಾಲೆಗೆ ಹೋಗುವವರು. ಕಳೆದ ವಾರ ಅವರಲ್ಲಿ ಒಬ್ಬಳ ಐಡಿ ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಬಂದ ಮಗಳು ಅದನ್ನು ಮಲಗುವ ತನಕ ತೆಗೆಯಲಿಲ್ಲ. ಜೂನ್ ಬರುವಷ್ಟರಲ್ಲಿ ಊರೂಟ್ಟಂಬಲಕ್ಕೆ ಒಮ್ಮೆ ಹೋಗಿ ಬರಬೇಕೆಂದುಕೊಂಡಿದ್ದೇವೆ, ಶಾಲೆ ನಡೆಯುವ ದಿನವೇ ನೋಡಿಕೊಂಡು, ಮಗಳನ್ನೂ ಕರೆದುಕೊಂಡು.