ವಿಮಾನಕ್ಕೆ ಹೊರಗಣ್ಣು

ಆಕಾಶಯಾನದ ಮೊದಲ ದಿನಗಳಲ್ಲಿ ವೈಮಾನಿಕನು ಗಾಳಿಗೆ ಮುಖವೊಡ್ಡಿ ಕುಳಿತಿರುತ್ತಿದ್ದನು. ಯಂತ್ರವೂ ರೆಕ್ಕೆಗಳೂ ಅವುಗಳನ್ನು ಬಿಗಿದ ತಂತಿಗಳೂ ಅವನ ಕಣ್ಣಳತೆಯಲ್ಲಿಯೇ ಇದ್ದುವು. ಡಕೋಟಾ ವಿಮಾನದ ಕಾಲಕ್ಕೆ ಗಾಜಿನ ಗೂಡು ಬಂದರೂ ಪಕ್ಕದ ಕಿಟಕಿಯಿಂದ ಇಂಜಿನನ್ನು ನೋಡುವುದು ಸಾಧ್ಯವಾಗಿತ್ತು. ಜೆಟ್ ವಿಮಾನಗಳು ಬಂದ ಬಳಿಕ ರೆಕ್ಕೆಗಳು ಹಿಂದಕ್ಕೆ ಬಾಗಿದುವು. ಇಂಜಿನುಗಳು ಅವುಗಳ ಅಡಿಯನ್ನೋ ಬಾಲದ ಬುಡವನ್ನೋ ಸೇರಿದುವು. ತನ್ನ ವಾಹನದ ಮೈಗೆ ಏನಾಗಿದೆಯೆಂಬುದನ್ನು ಕಿಟಕಿಯ ಬಳಿ ಕುಳಿತ ಪ್ರಯಾಣಿಕನು ಕಾಣಬಲ್ಲನು, ಮುಂದೆ ಕುಳಿತು ನಡೆಸುವವನು ಕಾಣಲಾರನು ಎಂಬ ವಿಚಿತ್ರ ಸ್ಥಿತಿಯು ಹೀಗೆ ಒದಗಿತು. ವೈಮಾನಿಕನಿಗೆ ಉಳಿದುವು ಮಾಪಕದ ಮುಳ್ಳುಗಳು, ದೀಪಗಳು ಮತ್ತು ಎಚ್ಚರಿಕೆಯ ಗಂಟೆಗಳು.

ವಿಮಾನದ ಹೊರಮೈಗೆ ಕ್ಯಾಮರಾಗಳನ್ನು ಜೋಡಿಸಿ ಆ ಚಿತ್ರವನ್ನು ವೈಮಾನಿಕರ ಮುಂದಿಡಬೇಕೆ, ಇಲ್ಲವೆ ಆಪತ್ಕಾಲದಲ್ಲಿ ಅದೂ ಅವರ ಗಮನಕ್ಕೆ ಮತ್ತೊಂದು ಹೊರೆಯಾದೀತೆ ಎಂಬ ವಾದವು ಬಲಗೊಂಡುದು ಇಂಗ್ಲೆಂಡಿನಲ್ಲಿ, ಎರಡು ದುರಂತಗಳ ತರುವಾಯ. ಮೊದಲನೆಯದು ಮ್ಯಾಂಚೆಸ್ಟರಿನದು. 1985ರ ಆಗಸ್ಟ್ 22ರ ಬೆಳಿಗ್ಗೆ ಕಾರ್ಫೂ ದ್ವೀಪಕ್ಕೆ ಹೊರಟ ಬೋಯಿಂಗ್ 737 ವಿಮಾನವು ರನ್‌ವೇಯ ಮೇಲೆ ಓಡುತ್ತಿರುವಾಗಲೇ ಎಡಗಡೆಯ ಇಂಜಿನು ಸಿಡಿದು, ಅದರ ಚೂರು ರೆಕ್ಕೆಯೊಳಗಿನ ಇಂಧನದ ತೊಟ್ಟಿಯನ್ನು ಒಡೆಯಿತು. ಮುಂದೆ ಕುಳಿತವರಿಗೆ ಕೇಳಿಸಿದ್ದು ಒಂದು ಧಡ್ ಎಂಬ ಸದ್ದು ಮಾತ್ರ. ಟಯರು ಒಡೆದಿರಬೇಕೆಂದು ಬಗೆದು ಅವರು ಬ್ರೇಕನ್ನು ಮೃದುವಾಗಿ ಒತ್ತಿ, ಕ್ರಮದಂತೆ ರನ್‌ವೇಯಿಂದ ಬಲಕ್ಕೆ ತಿರುಗಿಸಿ ನಿಲ್ಲಿಸಿದರು. ಅಷ್ಟರಲ್ಲಿ ಬೆಂಕಿಯ ಗಂಟೆಯೇನೋ ಬಾರಿಸಿತ್ತು; ಆದರೆ ಬೆಂಕಿಯು ಎಷ್ಟು, ಎತ್ತ ಹಬ್ಬುತ್ತಿದೆಯೆಂಬುದನ್ನು ಗಂಟೆಯು ಹೇಳಲಾರದು. ವಿಮಾನವು ತಿರುಗಿ ನಿಂತಾಗ ಮೆಲ್ಲಗೆ ಬೀಸುತ್ತಿದ್ದ ಗಾಳಿಯು ಜ್ವಾಲೆಯನ್ನು ಅದರ ಒಡಲಿನ ಮೇಲೆಯೇ ತಳ್ಳಿತು. 137 ಜನರಲ್ಲಿ 55 ಮಂದಿ ತೀರಿಕೊಂಡರು, ಹೆಚ್ಚಿನವರು ಹೊಗೆಯಿಂದ. ಬ್ರಿಟಿಷ್ ತನಿಖಾ ಶಾಖೆಯವರು ತಮ್ಮ ವರದಿಯಲ್ಲಿ, ವೈಮಾನಿಕರಿಗೆ ವಿಮಾನದ ಹೊರನೋಟವನ್ನು ಒದಗಿಸುವ ಬಗೆಯನ್ನು ಸಂಶೋಧಿಸಬೇಕೆಂದು ಸಲಹೆಯಿತ್ತರು.

ಆ ಸಲಹೆಯು ಕಾಗದದ ಮೇಲಿರುವಾಗಲೇ ಕೆಗ್‌ವರ್ತ್ ದುರಂತವು ನಡೆಯಿತು. ಇದನ್ನು ತುಸು ನಿಧಾನವಾಗಿ ನೋಡುವುದು ಯುಕ್ತ. ಏಕೆಂದರೆ ಎರಡೂ ಪಕ್ಷದವರು ತಮ್ಮ ಸಾಕ್ಷ್ಯವನ್ನು ಇದರಿಂದಲೇ ತೆಗೆಯಬಹುದು. 1989ರ ಜನವರಿ 8ರ ರಾತ್ರಿ 126 ಜನರನ್ನು ಹೊತ್ತು ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟ ಬೋಯಿಂಗ್ 737-400 ವಿಮಾನದ ಎಡ ಇಂಜಿನಿನಲ್ಲಿ ಬೀಸಣಿಗೆಯ ಒಂದು ಅಲಗು ಮುರಿಯಿತು. ವಿಮಾನವೆಲ್ಲ ಅದುರಿತು, ಹೊಗೆಯ ವಾಸನೆ ಹರಡಿತು. ವೈಮಾನಿಕರು ಕೆಟ್ಟದ್ದು ಬಲ ಇಂಜಿನೆಂದು ತೀರ್ಮಾನಿಸಿ ಅದನ್ನು ನಿಲ್ಲಿಸಿಬಿಟ್ಟರು. ಅದೇ ಹೊತ್ತಿಗೆ, ಬೇರೊಂದು ಕಾರಣದಿಂದ, ಅದುರಾಟವು ಕಡಿಮೆಯಾಯಿತು. ತಪ್ಪು ನಿರ್ಣಯಕ್ಕೆ ವಿಧಿಯೇ ಮುದ್ರೆಯೊತ್ತಿದಂತಾಯಿತು. ಮುಖ್ಯ ವೈಮಾನಿಕನು ಬಲ ಇಂಜಿನಿನ ತೊಂದರೆಯೆಂದು ಪ್ರಯಾಣಿಕರಿಗೆ ಪ್ರಕಟಿಸಿದನು. ಎಡಗಡೆಯಿಂದ ಕಿಡಿಗಳು ಹಾರುತ್ತಿದ್ದುದನ್ನು ಕಣ್ಣಾರೆ ಕಂಡ ಪ್ರಯಾಣಿಕರೂ ಪರಿಚಾರಕರೂ ಅಲ್ಲಿದ್ದರು. ಒಬ್ಬರೂ ಆ ಮಾತನ್ನು ಮುಂದಕ್ಕೆ ಮುಟ್ಟಿಸಲಿಲ್ಲ. ಬಲ್ಲವರು ಹೇಳಿದ ಮೇಲೆ ತಾವೇ ತಪ್ಪು ಕಂಡಿರಬೇಕೆಂದುಕೊಳ್ಳುವುದು ಮನುಷ್ಯಸ್ವಭಾವವಷ್ಟೆ. ಸುಮಾರು 20 ನಿಮಿಷಗಳ ಬಳಿಕ, ಈಸ್ಟ್ ಮಿಡ್‌ಲ್ಯಾಂಡ್ಸ್ ನಿಲ್ದಾಣವು ಇನ್ನೇನು ದೊರೆಯಿತೆನ್ನುವಾಗ, ಎಡ ಇಂಜಿನೂ ಕೈಕೊಟ್ಟು ವಿಮಾನವು ಹೆದ್ದಾರಿಯ ಏರಿಗೆ ಅಪ್ಪಳಿಸಿತು. 47 ಮಂದಿ ಮಡಿದರು.

ಬಾಲದ ಮೇಲೊಂದು ಕ್ಯಾಮರಾ ಇದ್ದಿದ್ದರೆ ಒಂದೇ ನೋಟದಲ್ಲಿ ಸತ್ಯವು ತಿಳಿಯುತ್ತಿತ್ತೆಂದು ಹೇಳುವವರ ಮಾತು ತಳ್ಳಿಹಾಕುವಂಥದಲ್ಲ. 1990ರ ವರದಿಯೂ ಅಂಥ ಸಂಶೋಧನೆಯನ್ನು ತ್ವರೆಗೊಳಿಸಬೇಕೆಂದಿತು. ಆದರೆ ಅದೇ ವರದಿಯು ಬಯಲಿಗೆ ತಂದ ಇನ್ನೊಂದು ಸಂಗತಿಯುಂಟು. ಯಾವ ಇಂಜಿನು ಅದುರುತ್ತಿದೆಯೆಂದು ತೋರಿಸುವ ಮಾಪಕವು ವೈಮಾನಿಕರ ಎದುರಿಗೇ ಇದ್ದಿತು, ಸರಿಯಾಗಿಯೇ ತೋರಿಸುತ್ತಲೂ ಇದ್ದಿತು. ಹೊಸ ಮಾದರಿಯ ವಿಮಾನದಲ್ಲಿ ಅದು ಕಿರಿದಾದ ವೃತ್ತದ ಅಂಚಿನಲ್ಲಿ ಸುತ್ತುವ ಸಣ್ಣ ಬೆಳಕಿನ ಗುರುತಾಗಿತ್ತು. ಈ ಮಾದರಿಯನ್ನು ನಡೆಸುವ ಅಭ್ಯಾಸಕ್ಕೆ ಅವರಿಗೆ ದೊರೆತ ಶಿಕ್ಷಣವೂ ಅತ್ಯಲ್ಪ. ಎದುರಿಗಿದ್ದ ಮಾಹಿತಿಯೊಂದು ಕಣ್ಣಿಗೆ ಬೀಳದೆ ಹೋದ ಮೇಲೆ, ಅದರ ಪಕ್ಕದಲ್ಲಿ ಮತ್ತೊಂದನ್ನು ಇಟ್ಟೊಡನೆ ಬಿದ್ದೇ ತೀರುವುದೆಂದು ಹೇಳುವುದು ಹೇಗೆ?

ಎರಡನೆಯ ಪಕ್ಷದವರು ನೆನೆಯಬೇಕಾದ ಹಳೆಯ ಉದಾಹರಣೆಯು ಅಮೆರಿಕದ್ದು. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿಯ ಬಳಿ ಟ್ರೈಸ್ಟಾರ್ ವಿಮಾನವೊಂದರ ಮುಂಚಕ್ರವು ಇಳಿದು ಭದ್ರವಾಯಿತೆಂದು ಸೂಚಿಸುವ ಹಸುರು ದೀಪವು ಬೆಳಗಲಿಲ್ಲ. ಅಂಥ ಸಂದೇಹಕ್ಕೆಂದೇ ಆ ವಿಮಾನದ ಕೆಳಗೂಡಿನಲ್ಲಿ ಚಕ್ರವನ್ನು ನೋಡುವ ಒಂದು ಇಣುಕುಗಾಜನ್ನು ಕಟ್ಟಿದ್ದರು. ಹೊರಗಣ್ಣಿನ ಪೂರ್ವಜನೆಂದು ಅದನ್ನು ಕರೆಯಬಹುದು. ಒಬ್ಬನು ಅಲ್ಲಿಗೆ ಇಳಿದನು, ಕತ್ತಲೆಯಲ್ಲಿ ಏನೂ ಕಾಣಿಸಲಿಲ್ಲ. ಉಳಿದವರು ದೀಪದ ಬುರುಡೆಯನ್ನು ಕೀಳುವುದರಲ್ಲಿಯೂ ಕೂರಿಸುವುದರಲ್ಲಿಯೂ ಮಗ್ನರಾದರು. ಆ ನಡುವೆ ವಿಮಾನವು ತಾನಾಗಿ ಕೆಳಗಿಳಿಯತೊಡಗಿತು. ಎತ್ತರವು ತಪ್ಪಿತೆಂಬ ಎಚ್ಚರಿಕೆಯ ನಾದವು ಮೊಳಗಿದರೂ ಯಾರ ಕಿವಿಗೂ ತಾಕಲಿಲ್ಲ. ಎವರ್‌ಗ್ಲೇಡ್ಸ್ ಜೌಗಿನಲ್ಲಿ 101 ಜನರು ಪ್ರಾಣ ಬಿಟ್ಟರು; ಸುಟ್ಟುಹೋಗಿದ್ದುದು ಬುರುಡೆ ಮಾತ್ರ, ಚಕ್ರವು ಸರಿಯಾಗಿಯೇ ಇಳಿದಿತ್ತು.

ಹೀಗೆ ಒಂದೆಡೆ ನೋಟವಿಲ್ಲದೆ ಕೆಟ್ಟರು, ಇನ್ನೊಂದೆಡೆ ನೋಟವೆಲ್ಲ ಒಂದೇ ಕಡೆ ನೆಟ್ಟುದರಿಂದ ಕೆಟ್ಟರು. ಇವೆರಡನ್ನೂ ಕೂಡಿಸಿ ನೋಡಿದರೆ ಕ್ಯಾಮರಾ ಬೇಕೆ ಬೇಡವೆ ಎಂಬ ಪ್ರಶ್ನೆಯ ರೂಪವೇ ಬದಲಾಗುವುದು. ಸದಾ ಕಣ್ಮುಂದೆ ಚಲಿಸುವ ಚಿತ್ರವು ಹೊರೆಯಾದೀತು. ಕೇಳಿದಾಗ ಮಾತ್ರ ತೋರಿ, ಕೇಳಿದವನಿಗೆ ನೋಡಲು ಬಿಡುವಿರುವಂತೆ ಕೆಲಸವನ್ನು ಹಂಚಿಕೊಟ್ಟರೆ ಅದೇ ಚಿತ್ರವು ಊರುಗೋಲಾದೀತು.

ಬಳಿಕ ಬಂದ ಬೋಯಿಂಗ್ 777-300, ಏರ್‌ಬಸ್ ಎ380 ಮೊದಲಾದ ಭಾರಿ ವಿಮಾನಗಳಿಗೆ ಹೊರಗಣ್ಣುಗಳು ದೊರೆತುವು. ಅವುಗಳ ಮುಖ್ಯ ಉದ್ದೇಶ ನೆಲದ ಮೇಲೆ ಚಕ್ರಗಳನ್ನು ದಾರಿತಪ್ಪದಂತೆ ನಡೆಸುವುದು. 2010ರ ನವೆಂಬರ್ 4ರಂದು ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ ಸಂಸ್ಥೆಯ ಎ380 ವಿಮಾನದ ಎರಡನೆಯ ಇಂಜಿನು ಸಿಡಿದಾಗ ಈ ವಾದಕ್ಕೆ ಹೊಸ ಪರೀಕ್ಷೆಯೊದಗಿತು. ಮೊದಲ ಒಂದು ನಿಮಿಷದೊಳಗೆ 40ಕ್ಕೂ ಹೆಚ್ಚು ಎಚ್ಚರಿಕೆಗಳು ಪರದೆಯ ಮೇಲೆ ಸಾಲುಗಟ್ಟಿದುವು. ಅವನ್ನು ಒಂದೊಂದಾಗಿ ತೀರಿಸಲು ಸುಮಾರು 50 ನಿಮಿಷ ಹಿಡಿಯಿತು. ಭಾಗ್ಯವಶದಿಂದ ಅಂದು ಮುಂಗೂಡಿನಲ್ಲಿ ಐವರು ವೈಮಾನಿಕರಿದ್ದರು. ಅವರಲ್ಲೊಬ್ಬನನ್ನು ಪ್ರಯಾಣಿಕರ ಅಂಕಣಕ್ಕೆ ಕಳುಹಲಾಯಿತು. ಅಲ್ಲಿ ಪ್ರಯಾಣಿಕನಾಗಿ ಕುಳಿತಿದ್ದ ಬೇರೊಬ್ಬ ವೈಮಾನಿಕನು, ಜನರ ಮನರಂಜನೆಗೆಂದು ಇಟ್ಟ ಪರದೆಯಲ್ಲಿ ಬಾಲದ ಕ್ಯಾಮರಾ ತೋರಿಸುತ್ತಿದ್ದ ಚಿತ್ರದ ಕಡೆಗೆ ಅವನ ಗಮನವನ್ನು ಸೆಳೆದನು: ಎಡರೆಕ್ಕೆಯಿಂದ ಏನೋ ದ್ರವವು ಸೋರಿ ಹಿಂದಕ್ಕೆ ಹರಿಯುತ್ತಿರುವಂತಿತ್ತು. ಹೋದವನು ರೆಕ್ಕೆಯ ಗಾಯವನ್ನು ಕಿಟಕಿಯಿಂದಲೂ ನೋಡಿ ಮರಳಿದನು. ಒಬ್ಬನಿಗೆ ನೋಡುವುದೇ ಕೆಲಸವಾದುದರಿಂದ ಉಳಿದವರ ಗಮನವು ಕೆಡಲಿಲ್ಲ. ಮಾಮೂಲಿನಂತೆ ಇಬ್ಬರೇ ಇದ್ದಿದ್ದರೆ ಯಾರನ್ನು ಕಳುಹಬೇಕಾಗಿತ್ತೆಂಬುದು ವಿಚಾರಾರ್ಹ. ಅಂಥ ಇಬ್ಬರಿಗೆ ಆ ಚಿತ್ರವು ಕೈಯಳವಿನಲ್ಲಿರುವುದೇ ಲೇಸು.

469 ಜನರೂ ಯಾವ ಗಾಯವೂ ಇಲ್ಲದೆ ಸಿಂಗಪುರಕ್ಕೆ ಮರಳಿದರು. ಇಳಿದ ಮೇಲೆ ಇಂಜಿನುಗಳನ್ನು ನಿಲ್ಲಿಸಿದೊಡನೆ ಮುಂಗೂಡಿನ ಬಹುಪಾಲು ಪರದೆಗಳು ಕಪ್ಪಾದುವು, ಒಂದೇ ಒಂದು ರೇಡಿಯೋ ಉಳಿಯಿತು. ಒಂದನೆಯ ಇಂಜಿನು ಇನ್ನೂ ತಿರುಗುತ್ತಲೇ ಇದೆಯೆಂಬ ಸುದ್ದಿಯು ವೈಮಾನಿಕರಿಗೆ ತಲಪಿದುದು ಆ ರೇಡಿಯೋದಿಂದ, ಕೆಳಗೆ ನಿಂತಿದ್ದ ಅಗ್ನಿಶಾಮಕ ದಳದವರ ಬಾಯಿಂದ. ನೀರನ್ನೂ ನೊರೆಯನ್ನೂ ಸುರಿದು ಅದನ್ನು ನಿಲ್ಲಿಸಲು ಸುಮಾರು ಮೂರು ಗಂಟೆಗಳಾದುವು.