ಮೂರು ದಿನ ರಜೆ, ಮನೆಯಲ್ಲಿ ಒಬ್ಬನೇ

"ಮೂರು ದಿನ ರಜೆ ಒಟ್ಟಿಗೇ ಬಂದಿತ್ತಲ್ಲ, ಊರಿಗೆ ಬಂದು ಹೋಗಬಾರದಿತ್ತೇ?" ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರು ಒಮ್ಮೆಯಾದರೂ ಊರಿನವರ ಬಾಯಿಂದ ಕೇಳಿರುವ ಮಾತಿದು. ಊರಿನವರ ಲೆಕ್ಕ ತಪ್ಪಲ್ಲ. ಆದರೆ ಆ ಮೂರು ದಿನದಲ್ಲಿ ದಾರಿಗೆ ಎಷ್ಟು ಹೋಗುತ್ತಿತ್ತು ಅನ್ನೋದು ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಲು ಶುರುವಾದದ್ದು 1998ರ ಜನವರಿಯಲ್ಲಿ. ಅದಕ್ಕೆ ಮೊದಲು ಮಂಗಳೂರು, ಉಡುಪಿ ಕಡೆಯವರಿಗೆ ಬಸ್ಸೇ ಗತಿ. ಘಟ್ಟ ಹತ್ತಿ ಇಳಿದು ಊರು ಮುಟ್ಟುವಾಗ ಒಂದು ಹಗಲು, ಒಂದು ರಾತ್ರಿ ಮುಗಿದಿರುತ್ತಿತ್ತು. ಹುಬ್ಬಳ್ಳಿ, ಧಾರವಾಡದವರಿಗೆ ರೈಲಿತ್ತು, ನಿಜ. ಆದರೆ ಮೀರಜಿನಲ್ಲಿ ಬ್ರಾಡ್‌ಗೇಜ್ ಗಾಡಿಯಿಂದ ಇಳಿದು ಮೀಟರ್‌ಗೇಜ್ ಗಾಡಿ ಹತ್ತಬೇಕಿತ್ತು. ಹೋಗಲೊಂದು ದಿನ, ಬರಲೊಂದು ದಿನ ಹೋದರೆ ಉಳಿದದ್ದು ಒಂದೇ ದಿನ. ಅದೂ ಅಮ್ಮ ಮಾಡಿದ ಅಡುಗೆ ಉಂಡು ಮಲಗಿ ಏಳುವಷ್ಟರಲ್ಲಿ ಮುಗಿಯುತ್ತಿತ್ತು. ಹೀಗಾಗಿ ಉದ್ದ ರಜೆ ಅಂದರೆ ಹೆಚ್ಚಿನವರಿಗೆ ಮುಂಬಯಿಯ ಕೋಣೆಯಲ್ಲೇ ಉಳಿಯುವ ರಜೆ. ಹೆಂಡತಿ ಮಕ್ಕಳು ಊರಲ್ಲಿದ್ದವರಿಗಂತೂ ಒಬ್ಬರೇ ಉಳಿಯುವ ರಜೆ.

ಆ ಮೂರು ದಿನ ಒಬ್ಬಂಟಿ ಮನುಷ್ಯ ಏನು ಮಾಡುತ್ತಿದ್ದ? ಹೆಚ್ಚಾಗಿ ಕ್ಯೂ ನಿಲ್ಲುತ್ತಿದ್ದ. ಹಾಲಿಗೆ, ನೀರಿಗೆ, ರೇಷನ್ನಿಗೆ, ಊಟಕ್ಕೆ, ಫೋನಿಗೆ. ಈ ಒಂದೊಂದು ಕ್ಯೂವಿಗೂ ಒಂದು ಇತಿಹಾಸವಿದೆ. ರಾಜಮಹಾರಾಜರ ಇತಿಹಾಸದಲ್ಲಿ ಅದು ಸಿಗಲಿಕ್ಕಿಲ್ಲ, ಆದರೆ ಪರಊರಿನಲ್ಲಿ ಬದುಕಿದವರ ಇತಿಹಾಸ ಅದೇ.

ಮೊದಲಿಗೆ ರಜೆಯ ವಿಷಯವನ್ನೇ ತೆಗೆದುಕೊಳ್ಳೋಣ. ಭಾನುವಾರದ ರಜೆ ಮುಂಬಯಿಯ ಗಿರಣಿ ಕಾರ್ಮಿಕನಿಗೆ ಯಾರೂ ದಾನವಾಗಿ ಕೊಟ್ಟದ್ದಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಚಳವಳಿಯಿಂದ ಬಂದ ನಾರಾಯಣ ಮೇಘಾಜಿ ಲೋಖಂಡೆ ಎಂಬವರು 1884ರಿಂದ ಇದಕ್ಕಾಗಿ ಅರ್ಜಿ, ಸಭೆ ಅಂತ ಹೋರಾಡಿದರು. 1890ರ ಏಪ್ರಿಲ್‌ನಲ್ಲಿ ಸಾವಿರಾರು ಕಾರ್ಮಿಕರ ದೊಡ್ಡ ಸಭೆ ನಡೆಯಿತು. ಅದೇ ವರ್ಷ ಜೂನ್ 10ರಂದು ಗಿರಣಿ ಮಾಲೀಕರು ವಾರಕ್ಕೊಂದು ರಜೆಗೆ ಒಪ್ಪಿದರು. ಅಲ್ಲಿಯವರೆಗೆ ವಾರದ ರಜೆ ಆಳುವವರಿಗೆ ಮಾತ್ರ ಇತ್ತು.

ನಮ್ಮ ಬ್ಯಾಂಕಿನವರ ರಜೆಯ ಮೂಲ ಇನ್ನೊಂದು ಕಡೆ ಇದೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಮು. ಇವತ್ತಿಗೂ ಬ್ಯಾಂಕಿನ ಬಾಗಿಲಲ್ಲಿ ರಜೆಯ ಬೋರ್ಡು ತೂಗುವುದು ಈ ಕಾಯ್ದೆಯಡಿ ಬರುವ ಸರ್ಕಾರಿ ಪ್ರಕಟಣೆಯ ಮೇಲೇ. ಈ ಕಲಮಿನಲ್ಲಿ ಒಂದು ಸ್ವಾರಸ್ಯವಿದೆ. ಹುಂಡಿಯೋ ಪ್ರಾಮಿಸರಿ ನೋಟೋ ರಜೆಯ ದಿನ ವಾಯಿದೆಗೆ ಬಂದರೆ, ಅದರ ಹಣ ಕೊಡಬೇಕಾದದ್ದು ರಜೆ ಮುಗಿದ ಮೇಲಲ್ಲ, ರಜೆಗೆ ಹಿಂದಿನ ಕೆಲಸದ ದಿನವೇ. ಕಾನೂನು ಬರೆದವರು ವ್ಯಾಪಾರಿಗಳಿಗಾಗಿ ಬರೆದರು. ಆದರೆ ಒಬ್ಬಂಟಿಯಾಗಿ ಬದುಕುವವನಿಗೂ ಅದೇ ನಿಯಮ. ರಜೆಯ ಕೆಲಸವನ್ನೆಲ್ಲ ರಜೆಗೆ ಮುಂಚೆಯೇ ಮುಗಿಸಿಕೊಂಡಿರಬೇಕು.

ಅದರಲ್ಲಿ ಮೊದಲನೆಯದು ಕೈಯಲ್ಲಿ ಕಾಸು. ಆಗ ಬ್ಯಾಂಕಿನಲ್ಲಿ ಗಿರಾಕಿಗಳ ವೇಳೆ ಬೆಳಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ, ಶನಿವಾರ 12ರವರೆಗೆ. ಸೋಮವಾರ ಹಬ್ಬವಿದ್ದರೆ ಶನಿವಾರ 12 ಗಂಟೆಯ ನಂತರ ಮಂಗಳವಾರ 10ರವರೆಗೆ ನಿಮ್ಮ ದುಡ್ಡು ನಿಮ್ಮದಲ್ಲ. ಆ ಶನಿವಾರದ ಕೌಂಟರನ್ನು ನೋಡಬೇಕಿತ್ತು! ವಿತ್‌ಡ್ರಾವಲ್ ಸ್ಲಿಪ್ ಕೊಟ್ಟು, ಹಿತ್ತಾಳೆಯ ಟೋಕನ್ ಹಿಡಿದು, ಕ್ಯಾಶಿಯರ್ ನಂಬರು ಕೂಗುವುದನ್ನೇ ಕಾಯುತ್ತಾ ಜನ ನಿಂತಿರುತ್ತಿದ್ದರು. ಕೌಂಟರಿನ ಈ ಕಡೆಯಿಂದ ನೋಡಿದ ನಮಗೆ ಯಾರು ರಜೆಯಲ್ಲಿ ಒಬ್ಬರೇ ಉಳಿಯುತ್ತಾರೆ ಅಂತ ಸ್ಲಿಪ್ಪಿನ ಮೊತ್ತದಿಂದಲೇ ಗೊತ್ತಾಗುತ್ತಿತ್ತು. ಊರಿಗೆ ಹೋಗುವವರು ದೊಡ್ಡ ಮೊತ್ತ ತೆಗೆಯುತ್ತಿದ್ದರು, ಉಳಿಯುವವರು ಐವತ್ತೋ ನೂರೋ.

ದೇಶದ ಮೊದಲ ಎಟಿಎಂ ಬಂದದ್ದು ಮುಂಬಯಿಗೇ, 1987ರಲ್ಲಿ, ಎಚ್‌ಎಸ್‌ಬಿಸಿ ಬ್ಯಾಂಕಿನಿಂದ. ಆದರೆ ಅದು ಸಾಮಾನ್ಯರ ಕೈಗೆ ಸಿಗಲು ಇನ್ನೂ ಹತ್ತು ಹನ್ನೆರಡು ವರ್ಷ ಬೇಕಾಯಿತು. 2010ರಲ್ಲಿ ಐಎಂಪಿಎಸ್ ಬಂತು, 2016ರಲ್ಲಿ ಯುಪಿಐ ಬಂತು. 2019ರ ಡಿಸೆಂಬರ್‌ನಿಂದ ನೆಫ್ಟ್, ಮರುವರ್ಷದ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ಹಗಲು ರಾತ್ರಿ ಎನ್ನದೆ ನಡೆಯತೊಡಗಿದವು. 2015ರ ಸೆಪ್ಟೆಂಬರ್‌ನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ ಸಿಕ್ಕಿತು, ಉಳಿದ ಶನಿವಾರ ಪೂರ್ತಿ ಕೆಲಸ. ಬ್ಯಾಂಕಿನ ನೌಕರನಿಗೆ ರಜೆ ಹೆಚ್ಚಾದ ಕಾಲದಲ್ಲೇ ದುಡ್ಡಿಗೆ ರಜೆಯೇ ಇಲ್ಲದಂತಾಯಿತು.

ಕಾಸಿನ ನಂತರ ಹಾಲು. ಮುಂಬಯಿಯ ಹಾಲಿನ ಕಥೆ ಅಂದರೆ ಆರೆ ಕಾಲೊನಿಯ ಕಥೆ. ಪಟ್ಟಣದೊಳಗಿನ ಎಮ್ಮೆ ಕೊಟ್ಟಿಗೆಗಳನ್ನು ಊರಾಚೆ ಸಾಗಿಸಿ, ಶುದ್ಧ ಹಾಲು ಕೊಡುವ ಯೋಜನೆ ದಾರಾ ಖುರೋಡಿಯವರದ್ದು. 1951ರಲ್ಲಿ ನೆಹರೂ ಅವರು ಕಾಲೊನಿಯನ್ನು ಉದ್ಘಾಟಿಸಿದರು. 1963ರಲ್ಲಿ ಖುರೋಡಿಯವರಿಗೆ ವರ್ಗೀಸ್ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರ ಜೊತೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮಗೆ ಗೊತ್ತಿದ್ದದ್ದು ಇಷ್ಟೇ: ಬೆಳಗಿನ ಜಾವ ಬೀದಿ ಮೂಲೆಯ ಬೂತಿಗೆ ಖಾಲಿ ಬಾಟಲಿ, ಕಾರ್ಡು ಹಿಡಿದು ಹೋಗಬೇಕು. ಕಾರ್ಡಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಬಾಟಲಿ. ತಡವಾದರೆ ಅದೂ ಇಲ್ಲ. ರಜೆ ಅಂತ ಹಾಯಾಗಿ ಮಲಗಿದವನಿಗೆ ಆ ದಿನ ಕರಿ ಚಹಾವೇ ಗತಿ.

ನೀರಿನದ್ದೂ ಇದೇ ಪಾಡು. ಚಾಳಿನಲ್ಲಿ ನೀರು ಬರುವ ಹೊತ್ತು ನಿಗದಿ. ಮನೆ ತುಂಬ ಜನವಿದ್ದರೆ ಯಾರಾದರೊಬ್ಬರು ಎದ್ದು ಹಿಡಿಯುತ್ತಾರೆ. ಒಬ್ಬನೇ ಇದ್ದವನು ತಾನೇ ಏಳಬೇಕು, ಇಲ್ಲಾಂದ್ರೆ ಪಕ್ಕದ ಮನೆಯವರಿಗೆ ಹೇಳಿಡಬೇಕು. ಹೇಳಿಟ್ಟರೆ ಅವರು ಹಿಡಿದಿಡುತ್ತಿದ್ದರು ಅನ್ನೋದೂ ನಿಜ.

ರೇಷನ್ ಪದ್ಧತಿ ಮುಂಬಯಿಗೆ ಬಂದದ್ದು ಯುದ್ಧದ ಕಾಲದಲ್ಲಿ, 1943ರಲ್ಲಿ. ಯುದ್ಧ ಮುಗಿದರೂ ಕಾರ್ಡು ಉಳಿಯಿತು. ಅಕ್ಕಿ, ಸಕ್ಕರೆ, ಸೀಮೆಎಣ್ಣೆಗಿಂತ ಹೆಚ್ಚಾಗಿ ಅದು ವಿಳಾಸದ ಪುರಾವೆಯಾಯಿತು. ಹೋಟೆಲಿನಲ್ಲೇ ಮಲಗಿ ಹೋಟೆಲಿನಲ್ಲೇ ಏಳುವ ನಮ್ಮ ಹುಡುಗರಿಗೆ ವಿಳಾಸವೇ ಇಲ್ಲದ ಮೇಲೆ ಕಾರ್ಡು ಎಲ್ಲಿಂದ ಬರಬೇಕು? ಕಾರ್ಡು ಇದ್ದವರಿಗೆ ರೇಷನ್ ಅಂಗಡಿಯ ಕ್ಯೂ ರಜೆಯ ಅರ್ಧ ದಿನ ನುಂಗುತ್ತಿತ್ತು. ಸೀಮೆಎಣ್ಣೆಯ ಡಬ್ಬಗಳನ್ನು ಸಾಲಿನಲ್ಲಿಟ್ಟು, ಪಕ್ಕದವನಿಗೆ "ನೋಡ್ಕೊಳ್ಳಿ" ಅಂತ ಹೇಳಿ, ಅಷ್ಟರಲ್ಲಿ ಕ್ಷೌರ ಮಾಡಿಸಿಕೊಂಡು ಬರುವವರೂ ಇದ್ದರು.

ಇನ್ನು ಊಟ. ಕೆಲಸದ ದಿನ ಡಬ್ಬಾವಾಲಾ ಇದ್ದ. 1890ರ ಸುಮಾರಿಗೆ ಶುರುವಾದ ಈ ವ್ಯವಸ್ಥೆಯ ಬಗ್ಗೆ ಲೋಕವೇ ಕೊಂಡಾಡಿದೆ. ಆದರೆ ಡಬ್ಬ ಹೋಗುವುದು ಆಫೀಸಿಗೆ. ಆಫೀಸಿಗೆ ರಜೆಯಿದ್ದ ದಿನ ಡಬ್ಬವೂ ಇಲ್ಲ. ಆಗ ಖಾನಾವಳಿ. ಗಿರಣಗಾಂವ್ ಅಂತ ಕರೆಯುವ ಗಿರಣಿ ಪ್ರದೇಶದಲ್ಲಿ ಹೆಂಗಸರು ತಮ್ಮ ಒಂದು ಕೋಣೆಯ ಮನೆಯಲ್ಲೇ ಹತ್ತಿಪ್ಪತ್ತು ಒಬ್ಬಂಟಿ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ಸಾಹುಕಾರನ ಬಡ್ಡಿಯಲ್ಲಿ ಮುಳುಗಿದ್ದ ಈ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ್ ಎಂಬ ಕಾರ್ಮಿಕ ನಾಯಕಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಒಗ್ಗೂಡಿಸಿದರು. 1969ರಲ್ಲಿ ರಾಷ್ಟ್ರೀಕರಣವಾಗಿದ್ದ ಬ್ಯಾಂಕುಗಳಿಂದ ಅವರಿಗೆ ಸಾಲ ಸಿಗುವಂತೆ ಮಾಡಿದರು. ಅಡಮಾನಕ್ಕೆ ಏನೂ ಇಲ್ಲದ ಬಡ ಹೆಂಗಸಿನ ಅಡುಗೆ ಕೆಲಸವೂ ಸಾಲ ಕೊಡಬಹುದಾದ ಉದ್ಯೋಗ ಅಂತ ನಮ್ಮ ಕಸುಬಿನವರು ಕಲಿತದ್ದು ಇಂಥವರಿಂದ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದ ನಂತರ ಉಣ್ಣುವವರೇ ಕಡಿಮೆಯಾಗಿ ಎಷ್ಟೋ ಖಾನಾವಳಿಗಳು ಆರಿಹೋದವು.

ನಮ್ಮವರಿಗೆ ಮಾಟುಂಗಾ ಇತ್ತು. ಸ್ಟೇಷನ್ ಪಕ್ಕದಲ್ಲೇ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಲ್ಲಿ ಆರಂಭವಾದದ್ದು. ಬಾಳೆಲೆ ಊಟ, ಸಾರಿನ ಪರಿಮಳ. ರಜೆಯ ದಿನ ಸರತಿ ಮೆಟ್ಟಿಲವರೆಗೂ ಬರುತ್ತಿತ್ತು. ಸರತಿಯಲ್ಲಿ ನಿಂತಾಗ ಹಿಂದಿನಿಂದ ಯಾರೋ "ನಿಮ್ಮದು ಯಾವೂರು?" ಅಂತ ಕೇಳುತ್ತಿದ್ದರು. ಊಟ ಮುಗಿದು ಕೈತೊಳೆಯುವ ಹೊತ್ತಿಗೆ ದೂರದ ನೆಂಟಸ್ತಿಕೆಯೂ ಸಿಕ್ಕಿರುತ್ತಿತ್ತು. ಅಲ್ಲೇ ಹತ್ತಿರ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್, ಮಾಹೀಮಿನಲ್ಲಿ 1933ರ ಕರ್ನಾಟಕ ಸಂಘ. ಅವುಗಳ ನಾಟಕ, ಭಾಷಣ, ಸಭೆಗಳೆಲ್ಲ ರಜೆಯ ದಿನಗಳಲ್ಲೇ. ಮುಂಬಯಿಯ ಕನ್ನಡ ಸಂಘಗಳನ್ನು ಕನ್ನಡಾಭಿಮಾನ ಕಟ್ಟಿತು ಎನ್ನುತ್ತಾರೆ, ಸರಿ. ಆದರೆ ರಜೆಯ ಸಂಜೆ ಕಳೆಯಲು ದಾರಿ ಕಾಣದ ಒಬ್ಬಂಟಿಗಳದ್ದೂ ಅದರಲ್ಲಿ ಪಾಲಿದೆ ಎಂದು ನನ್ನ ಅಭಿಪ್ರಾಯ.

ರಜೆಯ ಕೊನೆಯ ಕೆಲಸ ಊರಿಗೆ ಕಾಗದ ಬರೆಯುವುದು. ಜೊತೆಗೆ ರಜೆ ಮುಗಿದೊಡನೆ ಕಳಿಸಲು ಮನಿಯಾರ್ಡರ್ ಫಾರಂ ತುಂಬಿಡುವುದು. 1880ರಲ್ಲಿ ಶುರುವಾದ ಮನಿಯಾರ್ಡರಿನ ಫಾರಮಿನಲ್ಲಿ ಕೆಳಗೆ ಎರಡು ಮಾತು ಬರೆಯಲು ಜಾಗವಿತ್ತು. "ನಾನು ಕ್ಷೇಮ, ಔಷಧಿ ತಪ್ಪಿಸಬೇಡಿ" ಅನ್ನುವಷ್ಟು. ನೂರಕ್ಕೆ ಐದು ರೂಪಾಯಿ ಕಮಿಷನ್ ದುಬಾರಿಯೇ. ಆದರೆ ಹಣ ಮುಟ್ಟಿದ ರಸೀದಿಯಲ್ಲಿ ತಾಯಿಯ ಹೆಬ್ಬೆಟ್ಟಿನ ಗುರುತು ವಾಪಸು ಬರುತ್ತಿತ್ತಲ್ಲ, ಅದಕ್ಕೆ ಬೆಲೆ ಕಟ್ಟುವುದು ಹೇಗೆ? ಎಂಬತ್ತರ ದಶಕದ ಕೊನೆಗೆ ಎಸ್‌ಟಿಡಿ ಬೂತುಗಳು ಬಂದವು. ರಾತ್ರಿ 11ರ ನಂತರ ಕಾಲು ದರ. ರಜೆಯ ರಾತ್ರಿ ಬೂತಿನ ಮುಂದೆ ಸಾಲು, ಒಳಗಿನವನ ಮಾತು ಹೊರಗಿನವರಿಗೆಲ್ಲ ಕೇಳಿಸುತ್ತಿತ್ತು. ಯಾರ ಮನೆಯಲ್ಲಿ ಹೆರಿಗೆ, ಯಾರ ಮನೆಯಲ್ಲಿ ಸಾವು ಅಂತ ಇಡೀ ಸಾಲಿಗೇ ಗೊತ್ತು.

ಇಷ್ಟೆಲ್ಲ ಹೇಳಿದ್ದು ಹಿಂದಿನ ಕಾಲವೇ ಚಂದ ಅಂತ ವಾದಿಸಲಿಕ್ಕಲ್ಲ. ಕ್ಯೂವಿನಲ್ಲಿ ನಿಂತ ಕಾಲುನೋವು ನನಗೆ ನೆನಪಿದೆ. ಹಾಲು ಬಾಗಿಲಿಗೆ ಬರುವುದು, ದುಡ್ಡು ಫೋನಿನಲ್ಲಿ ಹೋಗುವುದು ಒಳ್ಳೆಯದೇ. ಆದರೆ ಲೆಕ್ಕದ ಪುಸ್ತಕದಲ್ಲಿ ಜಮಾ ಬರೆದ ಮೇಲೆ ಖರ್ಚನ್ನೂ ಬರೆಯಬೇಕಲ್ಲ.

ಆ ಖರ್ಚು ಯಾವುದು ಅನ್ನುವುದಕ್ಕೆ ಪಿಗ್ಮಿಯ ಒಂದು ಸಂಗತಿ ಹೇಳುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಏಜೆಂಟನೇ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದ. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ದಿನವಹಿ ಠೇವಣಿಯ ಪದ್ಧತಿಯನ್ನು ಬೇರೆ ಬ್ಯಾಂಕು, ಸೊಸೈಟಿಗಳೂ ಎಂದೋ ಹಿಡಿದಿದ್ದವು, ನಮ್ಮ ಶಾಖೆಯಲ್ಲೂ ಇತ್ತು. ಒಮ್ಮೆ ಮೂರು ದಿನದ ರಜೆಯ ಎರಡನೇ ಸಂಜೆ ನಮ್ಮ ಏಜೆಂಟ್ ಎಂದಿನಂತೆ ಚಾಳಿಗೆ ಹೋದ. ಅಲ್ಲೊಬ್ಬ ಹೋಟೆಲ್ ಕೆಲಸಗಾರನ ಕೋಣೆ. ಜೊತೆಯವರು ಊರಿಗೆ ಹೋಗಿದ್ದರು. ಹಿಂದಿನ ದಿನವೂ ಬಾಗಿಲು ತೆರೆದಿರಲಿಲ್ಲ, ಈ ದಿನವೂ ಇಲ್ಲ. "ಎರಡು ರೂಪಾಯಿಗೆ ತಪ್ಪಿಸಿಕೊಳ್ಳುವ ಮನುಷ್ಯ ಅಲ್ಲ ಅವನು" ಅನ್ನಿಸಿ ಏಜೆಂಟ್ ಪಕ್ಕದವರನ್ನು ಕರೆದು ಬಾಗಿಲು ಬಡಿಸಿದ. ಒಳಗೆ ಆ ಮನುಷ್ಯ ಮಲೇರಿಯಾ ಜ್ವರದಲ್ಲಿ ಪ್ರಜ್ಞೆ ಇಲ್ಲದಷ್ಟು ಬಳಲಿದ್ದ. ಆಸ್ಪತ್ರೆಗೆ ಸೇರಿಸಿದರು, ಬದುಕಿದ. ಬ್ಯಾಂಕಿನ ಯಾವ ಸರ್ಕ್ಯುಲರಿನಲ್ಲೂ ಈ ಕೆಲಸ ಬರೆದಿರಲಿಲ್ಲ.

ಹಾಲಿನ ಬೂತಿನವನು, ಖಾನಾವಳಿಯ ಬಾಯಿ, ನೀರು ಹಿಡಿದಿಡುವ ಪಕ್ಕದ ಮನೆಯವರು, ಪಿಗ್ಮಿ ಏಜೆಂಟ್ ಇವರು ಯಾರೂ ನಮ್ಮ ಬಂಧುಗಳಲ್ಲ. ಆದರೆ ಒಂದು ದಿನ ನಾವು ಕಾಣಿಸದಿದ್ದರೆ ಅದು ಅವರ ಲೆಕ್ಕದಲ್ಲಿ ತಿಳಿಯುತ್ತಿತ್ತು. ಇಂದು ಮೊಬೈಲಿನಲ್ಲಿ ಸಾಮಾನು ತರಿಸುವವನು ನಾಳೆ ತರಿಸದಿದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಮುಂಬಯಿಯ ಕನ್ನಡಿಗರ ಮನೆಗಳಲ್ಲೂ ಈಗ ಒಬ್ಬಂಟಿಗಳು ಬೇರೆ. ಆಗ ಇಪ್ಪತ್ತರ ಹುಡುಗರು, ಈಗ ಎಪ್ಪತ್ತರ ಹಿರಿಯರು. ಮಕ್ಕಳು ಪುಣೆಯಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಮನೆಗೆಲಸದವಳೂ ರಜೆ ಹಾಕುವ ಆ ಮೂರು ದಿನಗಳಲ್ಲಿ ಬಾಗಿಲು ತೆರೆಯದಿದ್ದರೆ ಕೇಳುವವರಿಲ್ಲ.

ಸರ್ಕಾರ 2021ರಲ್ಲಿ ಹಿರಿಯರಿಗಾಗಿ 14567 ಎಂಬ ಎಲ್ಡರ್ ಲೈನ್ ನಂಬರನ್ನು ದೇಶಕ್ಕೆಲ್ಲ ಕೊಟ್ಟಿದೆ, ಬರೆದಿಟ್ಟುಕೊಳ್ಳಬಹುದು. ಆದರೆ ನಂಬರಿಗೆ ಫೋನು ನಾವು ಮಾಡಬೇಕು, ಅದಾಗಿ ಬಂದು ಬಾಗಿಲು ಬಡಿಯುವುದಿಲ್ಲ. ಆದ್ದರಿಂದ ಊರಿನಲ್ಲಿರುವ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಮೂರು ದಿನ ರಜೆ ಒಟ್ಟಿಗೆ ಬಂದಾಗ ಮುಂಬಯಿಯಲ್ಲೋ ಪುಣೆಯಲ್ಲೋ ಒಬ್ಬರೇ ಇರುವ ನಿಮ್ಮ ಚಿಕ್ಕಪ್ಪನಿಗೋ ಅತ್ತೆಗೋ "ಯಾಕೆ ಬರಲಿಲ್ಲ" ಅಂತ ಕೇಳುವುದರ ಜೊತೆಗೆ ಎರಡನೇ ದಿನ ಸಂಜೆ ಒಂದು ಫೋನು ಮಾಡಿ. ಎತ್ತದಿದ್ದರೆ ಪಕ್ಕದ ಮನೆಯವರಿಗೆ ಮಾಡಿ. ಪಕ್ಕದ ಮನೆಯವರ ನಂಬರು ನಿಮ್ಮಲ್ಲಿ ಇಲ್ಲದಿದ್ದರೆ, ಅದನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ರಜೆಗೆ ಮುಂಚೆಯೇ ಮುಗಿಸಿಕೊಳ್ಳಿ.