ಟಿವಿ ಸ್ವಯಂಚಾಲನೆ: ಚಲನೆಯ ಸಂವೇದಕ ಮತ್ತು ಅವಕೆಂಪು ರಿಮೋಟ್

ಕೋಣೆಯಲ್ಲಿ ಜನ ಇದ್ದಾರೆಯೇ ಎಂಬುದನ್ನು ಸಂವೇದಕದಿಂದ ತಿಳಿದು, ಅದಕ್ಕೆ ತಕ್ಕಂತೆ ಟಿವಿಯನ್ನು ತಾನಾಗಿ ಆನ್ ಅಥವಾ ಆಫ್ ಮಾಡುವ ವ್ಯವಸ್ಥೆ. ಟಿವಿಯ ಒಳಭಾಗವನ್ನು ಬಿಚ್ಚುವ ಅಗತ್ಯ ಇದರಲ್ಲಿಲ್ಲ. ಆ ಟಿವಿಯ ರಿಮೋಟ್ ಯಾವ ಅವಕೆಂಪು ಸಂಕೇತವನ್ನು ಕಳುಹಿಸುತ್ತದೋ ಅದನ್ನೇ ಒಂದು ಸಣ್ಣ ಎಲೆಕ್ಟ್ರಾನಿಕ್ ನಿಯಂತ್ರಕ ಕಳುಹಿಸುತ್ತದೆ. ಆದ್ದರಿಂದ ಇಂಟರ್‌ನೆಟ್ ಸಂಪರ್ಕವಿಲ್ಲದ ಹಳೆಯ ಟಿವಿಗೂ ಇದನ್ನು ಅಳವಡಿಸಬಹುದು. ಬೇಕಾಗುವ ಬಿಡಿಭಾಗಗಳು ಕೆಲವೇ ಆದರೂ ವ್ಯವಸ್ಥೆ ಚೆನ್ನಾಗಿ ನಡೆಯುವುದು ಎರಡು ವಿಷಯಗಳನ್ನು ಅವಲಂಬಿಸಿದೆ: ಅಲುಗಾಡದೆ ಕುಳಿತು ನೋಡುತ್ತಿರುವವರನ್ನು ಗುರುತಿಸುವುದು, ಟಿವಿ ಈಗ ಆನ್ ಇದೆಯೋ ಆಫ್ ಇದೆಯೋ ಎಂದು ತಿಳಿಯುವುದು.

ಹಿನ್ನೆಲೆ

ಅಮೆರಿಕದ ಜೆನಿತ್ ಕಂಪನಿ 1950ರಲ್ಲಿ ತಂದ 'ಲೇಜಿ ಬೋನ್ಸ್' ರಿಮೋಟ್ ಟಿವಿಗೆ ತಂತಿಯ ಮೂಲಕ ಜೋಡಣೆಯಾಗಿತ್ತು. 1955ರಲ್ಲಿ ಅದೇ ಕಂಪನಿಯ ಯೂಜೀನ್ ಪಾಲಿ ರೂಪಿಸಿದ 'ಫ್ಲ್ಯಾಶ್-ಮ್ಯಾಟಿಕ್' ಬೆಳಕಿನ ಕಿರಣದಿಂದ ಕೆಲಸ ಮಾಡುತ್ತಿತ್ತು. ಬಿಸಿಲು ಬಿದ್ದರೂ ಚಾನೆಲ್ ಬದಲಾಗುವ ತೊಂದರೆ ಅದಕ್ಕಿತ್ತು. 1956ರಲ್ಲಿ ರಾಬರ್ಟ್ ಆಡ್ಲರ್ ಅವರ 'ಸ್ಪೇಸ್ ಕಮಾಂಡ್' ಶ್ರವಣಾತೀತ ಧ್ವನಿಯನ್ನು ಬಳಸಿಕೊಂಡಿತು. ಅದರೊಳಗೆ ಅಲ್ಯೂಮಿನಿಯಂ ಸರಳುಗಳಿದ್ದವು, ಬ್ಯಾಟರಿ ಇರಲಿಲ್ಲ. 1980ರ ದಶಕದಲ್ಲಿ ಅವಕೆಂಪು ರಿಮೋಟ್ ಎಲ್ಲೆಡೆ ಹರಡಿತು.

ಟಿವಿಯೇ ನೋಡುಗರನ್ನು ಗಮನಿಸುವ ಪ್ರಯತ್ನವೂ ನಡೆದಿದೆ. ಸೋನಿ 2009ರಲ್ಲಿ ಬ್ರೇವಿಯಾ ಡಬ್ಲ್ಯುಇ5 ಸರಣಿಯಲ್ಲಿ ಜನರ ಇರವನ್ನು ಅರಿಯುವ ಸಂವೇದಕವನ್ನು ಇರಿಸಿತು. ಸ್ಯಾಮ್‌ಸಂಗ್ 2017ರಲ್ಲಿ 'ದ ಫ್ರೇಮ್' ಟಿವಿಯಲ್ಲಿ ಇಂಥದ್ದೇ ಏರ್ಪಾಟು ಮಾಡಿತು. ಇತ್ತ ಹವ್ಯಾಸಿಗಳಿಗೆ ದಾರಿ ತೆರೆದದ್ದು ಆರ್ಡುಯಿನೊ ಎಂಬ ನಿಯಂತ್ರಕ ಫಲಕ, ಅದಕ್ಕಾಗಿ ಕೆನ್ ಶಿರಿಫ್ 2009ರಲ್ಲಿ ಬರೆದ ಅವಕೆಂಪು ತಂತ್ರಾಂಶ ಮತ್ತು 2014ರಲ್ಲಿ ಬಂದ, ವೈಫೈ ಸಹಿತವಾದ ಇಎಸ್‌ಪಿ8266 ಚಿಪ್.

ಚಲನೆಯ ಸಂವೇದಕ

ಹೆಚ್ಚಾಗಿ ಬಳಕೆಯಲ್ಲಿರುವುದು ಪಿಐಆರ್ (ಪ್ಯಾಸಿವ್ ಇನ್‌ಫ್ರಾರೆಡ್), ಅಂದರೆ ತಾನು ಏನನ್ನೂ ಸೂಸದೆ ಬಂದ ಅವಕೆಂಪನ್ನಷ್ಟೇ ಗ್ರಹಿಸುವ ಸಂವೇದಕ. ಮನುಷ್ಯನ ಮೈ ಸೂಸುವ ಅವಕೆಂಪು ವಿಕಿರಣದ ತೀವ್ರತೆ ಸುಮಾರು 9ರಿಂದ 10 ಮೈಕ್ರೋಮೀಟರ್ ತರಂಗದೂರದಲ್ಲಿ ಹೆಚ್ಚು. ರಿಮೋಟ್‌ನ ಎಲ್‌ಇಡಿ ಸೂಸುವುದು ಸುಮಾರು 0.94 ಮೈಕ್ರೋಮೀಟರ್‌ನ ಅವಕೆಂಪು ಬೆಳಕು. ಇವೆರಡರ ನಡುವೆ ಹತ್ತು ಪಟ್ಟು ಅಂತರವಿರುವುದರಿಂದ ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕೂರಿಸಿದರೂ ಸಂವೇದಕ ಮತ್ತು ಎಲ್‌ಇಡಿ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ.

ಪಿಐಆರ್‌ನ ಒಳಗೆ ಶಾಖದ ಬದಲಾವಣೆಗೆ ವಿದ್ಯುತ್ತನ್ನು ಹುಟ್ಟಿಸುವ ಎರಡು ಅಂಶಗಳನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸಿರುತ್ತಾರೆ. ಇಡೀ ಕೋಣೆ ಬಿಸಿಯಾದರೆ ಎರಡೂ ಒಂದನ್ನೊಂದು ರದ್ದುಗೊಳಿಸುತ್ತವೆ. ಯಾರಾದರೂ ಅಡ್ಡ ಹಾದರೆ ಮಾತ್ರ ವ್ಯತ್ಯಾಸ ಮೂಡುತ್ತದೆ. ಮುಂದಿರುವ ಬಿಳಿಯ ಫ್ರೆನೆಲ್ ಮಸೂರ ಕೋಣೆಯನ್ನು ಹಲವು ಪಟ್ಟಿಗಳಾಗಿ ವಿಭಜಿಸುತ್ತದೆ. ಹಾಗಾಗಿ ಅಡ್ಡಕ್ಕೆ ನಡೆಯುವವರನ್ನು ಅದು ಚುರುಕಾಗಿ ಹಿಡಿಯುತ್ತದೆ, ನೇರವಾಗಿ ತನ್ನತ್ತ ಬರುವವರನ್ನು ಹಿಡಿಯುವುದು ಸ್ವಲ್ಪ ತಡ. ಹವ್ಯಾಸಿಗಳು ಬಳಸುವ ಎಚ್‌ಸಿ-ಎಸ್‌ಆರ್501 ಘಟಕ ಸುಮಾರು 7 ಮೀಟರ್‌ವರೆಗಿನ ಚಲನೆಯನ್ನು ಗುರುತಿಸುತ್ತದೆ. ವಿದ್ಯುತ್ ಕೊಟ್ಟ ಮೇಲೆ ಸ್ಥಿರಗೊಳ್ಳಲು ಅದಕ್ಕೆ ಒಂದು ನಿಮಿಷದವರೆಗೆ ಬೇಕು. ಆ ಅವಧಿಯ ಸೂಚನೆಗಳನ್ನು ನಂಬಬಾರದು.

ಪಿಐಆರ್ ಅರಿಯುವುದು ಚಲನೆಯನ್ನು. ಧಾರಾವಾಹಿಯಲ್ಲಿ ಮುಳುಗಿ ಕುಳಿತವರು ಅದರ ಪಾಲಿಗೆ ಇಲ್ಲದವರೇ. ಇದಕ್ಕೆ ಪರಿಹಾರವಾಗಿ 24 ಅಥವಾ 60 ಗಿಗಾಹರ್ಟ್ಸ್ ಆವೃತ್ತಿಯ ಕಿರು ರೇಡಾರ್ ಘಟಕಗಳು ಬಂದಿವೆ. ಉಸಿರಾಟದಲ್ಲಿ ಎದೆ ಏರಿಳಿಯುವುದನ್ನೂ ಇವು ಗ್ರಹಿಸಬಲ್ಲವು. ಆದರೆ ತಿರುಗುವ ಫ್ಯಾನ್ ಮತ್ತು ತೆಳುವಾದ ಅಡ್ಡಗೋಡೆಯಾಚೆಗಿನ ಓಡಾಟವೂ ಇವಕ್ಕೆ ಕಾಣುವುದರಿಂದ, ಎಷ್ಟು ದೂರದವರೆಗೆ ನೋಡಬೇಕೆಂದು ಮೊದಲೇ ಮಿತಿಗೊಳಿಸಬೇಕು. ಪಿಐಆರ್ ಮೊದಲ ಸುಳಿವು ಕೊಟ್ಟು, ರೇಡಾರ್ ಇರವನ್ನು ಖಚಿತಪಡಿಸುವ ಜೋಡಿ ಉತ್ತಮ.

ರಿಮೋಟ್‌ನ ಸಂಕೇತ

ಬಿಸಿಲಿನಲ್ಲೂ ದೀಪದಲ್ಲೂ ಅವಕೆಂಪು ಬೆಳಕಿರುತ್ತದೆ. ಆ ಗದ್ದಲದಿಂದ ಬೇರ್ಪಡಿಸಲು ರಿಮೋಟ್ ತನ್ನ ಎಲ್‌ಇಡಿಯನ್ನು ಸೆಕೆಂಡಿಗೆ ಸುಮಾರು 38,000 ಸಲ ಮಿನುಗಿಸುತ್ತದೆ. ಟಿವಿಯ ಗ್ರಾಹಕ ಆ ಆವೃತ್ತಿಯ ಮಿನುಗನ್ನಷ್ಟೇ ಆಯ್ದುಕೊಳ್ಳುತ್ತದೆ. ಟಿಎಸ್‌ಒಪಿ 1738 ಎಂಬ ಗ್ರಾಹಕದ ಹೆಸರಿನಲ್ಲಿರುವ 38 ಈ ಆವೃತ್ತಿಯನ್ನೇ ಸೂಚಿಸುತ್ತದೆ.

ಮಿಡಿತ ಮತ್ತು ಬಿಡುವುಗಳ ಅಳತೆಯಲ್ಲಿ ಆಜ್ಞೆ ಅಡಗಿರುತ್ತದೆ. ಎನ್‌ಇಸಿ ಪದ್ಧತಿಯಲ್ಲಿ ಮೊದಲಿಗೆ 9 ಮಿಲಿಸೆಕೆಂಡಿನ ಮಿಡಿತ, ನಂತರ 4.5 ಮಿಲಿಸೆಕೆಂಡಿನ ಬಿಡುವು. ಆಮೇಲೆ 32 ಬಿಟ್‌ಗಳು: ಉಪಕರಣದ ವಿಳಾಸ, ಅದರ ವಿಲೋಮ, ಆಜ್ಞೆ, ಅದರ ವಿಲೋಮ. ಸೊನ್ನೆಗೆ 1.125 ಮಿಲಿಸೆಕೆಂಡು, ಒಂದಕ್ಕೆ 2.25 ಮಿಲಿಸೆಕೆಂಡು ಹಿಡಿಯುತ್ತದೆ. ಪ್ರತಿ ಅಂಶವನ್ನೂ ವಿಲೋಮದೊಂದಿಗೆ ತಾಳೆ ನೋಡುವುದರಿಂದ ತಪ್ಪು ಆಜ್ಞೆ ನುಸುಳುವ ಸಾಧ್ಯತೆ ಕಡಿಮೆ. ಫಿಲಿಪ್ಸ್‌ನ ಆರ್‌ಸಿ-5 ಪದ್ಧತಿ 36 ಕಿಲೋಹರ್ಟ್ಸ್‌ನಲ್ಲಿ 14 ಬಿಟ್‌ಗಳನ್ನು ಕಳುಹಿಸುತ್ತದೆ. ಸೋನಿ ಪದ್ಧತಿಯದು 40 ಕಿಲೋಹರ್ಟ್ಸ್; ಅದರಲ್ಲಿ ಒಂದೇ ಆಜ್ಞೆಯನ್ನು ಕನಿಷ್ಠ ಮೂರು ಸಲ ಕಳುಹಿಸಬೇಕು.

ತಮ್ಮ ಟಿವಿಯ ಪದ್ಧತಿ ಯಾವುದೆಂದು ಗೊತ್ತಿಲ್ಲದಿದ್ದರೆ, ನಿಯಂತ್ರಕಕ್ಕೆ ಗ್ರಾಹಕವೊಂದನ್ನು ಜೋಡಿಸಿ ಮೂಲ ರಿಮೋಟ್‌ನ ಗುಂಡಿ ಒತ್ತಿದರೆ ಸಾಕು. ತಂತ್ರಾಂಶ ಸಂಕೇತವನ್ನು ಓದಿ ದಾಖಲಿಸಿಕೊಳ್ಳುತ್ತದೆ.

ಜೋಡಣೆ

ನಿಯಂತ್ರಕವಾಗಿ ಇಎಸ್‌ಪಿ8266 ಬಳಸಿದರೆ, ಅದರ ಒಂದು ಪಿನ್ ಕೊಡಬಲ್ಲದ್ದು ಸುಮಾರು 12 ಮಿಲಿಆಂಪಿಯರ್ ಮಾತ್ರ. ಕೋಣೆಯ ಆಚೆ ಬದಿಗೆ ತಲುಪಲು ಎಲ್‌ಇಡಿಗೆ 100 ಮಿಲಿಆಂಪಿಯರ್‌ನಷ್ಟು ಮಿಡಿತಗಳು ಬೇಕಾಗುವುದರಿಂದ ನಡುವೆ 2ಎನ್2222ರಂತಹ ಟ್ರಾನ್ಸಿಸ್ಟರ್ ಮತ್ತು ತಕ್ಕ ರೋಧಕ ಇರಬೇಕು. ಎಲ್‌ಇಡಿ ಟಿವಿಯ ಗ್ರಾಹಕಕ್ಕೆ ಎದುರಾಗಿರಲಿ. ಬಿಳಿ ಗೋಡೆಯಿಂದ ಪ್ರತಿಫಲಿಸಿದ ಬೆಳಕೂ ಹಲವೊಮ್ಮೆ ಸಾಕಾಗುತ್ತದೆ. ಅವಕೆಂಪು ಕಣ್ಣಿಗೆ ಕಾಣದು, ಆದರೆ ಅನೇಕ ಮೊಬೈಲ್ ಕ್ಯಾಮೆರಾಗಳಲ್ಲಿ ಮಸುಕು ನೇರಳೆಯಾಗಿ ಕಾಣುತ್ತದೆ. ಎಲ್‌ಇಡಿ ಉರಿಯುತ್ತಿದೆಯೇ ಎಂದು ನೋಡಲು ಇದೇ ಸುಲಭದ ದಾರಿ. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ.

ಟಿವಿಯ ಸ್ಥಿತಿ ತಿಳಿಯುವ ಸಮಸ್ಯೆ

ಹೆಚ್ಚಿನ ರಿಮೋಟ್‌ಗಳಲ್ಲಿ ಆನ್ ಮಾಡಲೂ ಆಫ್ ಮಾಡಲೂ ಇರುವುದು ಒಂದೇ ಗುಂಡಿ, ಒಂದೇ ಸಂಕೇತ. ಆನ್ ಇದ್ದರೆ ಆಫ್ ಆಗುತ್ತದೆ, ಆಫ್ ಇದ್ದರೆ ಆನ್ ಆಗುತ್ತದೆ. ಅವಕೆಂಪು ಸಂವಹನ ಏಕಮುಖವಾದ್ದರಿಂದ ಟಿವಿ ಮರುತ್ತರ ಕೊಡುವುದಿಲ್ಲ. ಮನೆಯವರು ಕೈಯಾರೆ ಟಿವಿ ಆಫ್ ಮಾಡಿ ಹೊರಟ ಮೇಲೆ ನಿಯಂತ್ರಕವೂ 'ಆಫ್' ಎಂದು ಸಂಕೇತ ಕಳುಹಿಸಿದರೆ, ಖಾಲಿ ಮನೆಯಲ್ಲಿ ಟಿವಿ ಆನ್ ಆಗುತ್ತದೆ. ಇಂಥ ವ್ಯವಸ್ಥೆಗಳು ಕೈಕೊಡುವುದಕ್ಕೆ ಮುಖ್ಯ ಕಾರಣ ಇದೇ.

ಪರಿಹಾರಗಳು ಹಲವು. ಕೆಲವು ಟಿವಿಗಳು, ತಮ್ಮ ರಿಮೋಟ್‌ನಲ್ಲಿ ಗುಂಡಿ ಇಲ್ಲದಿದ್ದರೂ, ಆನ್‌ಗೆ ಒಂದು ಆಫ್‌ಗೆ ಇನ್ನೊಂದು ಎಂಬ ಪ್ರತ್ಯೇಕ ಸಂಕೇತಗಳನ್ನು ಒಪ್ಪುತ್ತವೆ. ಸಿಕ್ಕರೆ ಇದೇ ಅತ್ಯಂತ ಸರಳ. ಇಲ್ಲವಾದರೆ ವಿದ್ಯುತ್ ಬಳಕೆ ಅಳೆಯುವ ಸ್ಮಾರ್ಟ್ ಪ್ಲಗ್ ನೆರವಾಗುತ್ತದೆ: ಆನ್ ಇರುವ ಟಿವಿ ಹತ್ತಾರು ವ್ಯಾಟ್ ಎಳೆಯುತ್ತದೆ, ಸ್ಟ್ಯಾಂಡ್‌ಬೈನಲ್ಲಿ ತೀರಾ ಕಡಿಮೆ. ಎಚ್‌ಡಿಎಂಐ ಕೇಬಲ್‌ನ 13ನೇ ಪಿನ್‌ನಲ್ಲಿ ಸಾಗುವ ಸಿಇಸಿ ಸಂದೇಶದ ಮೂಲಕ ಸ್ಥಿತಿಯನ್ನು ಟಿವಿಯಿಂದಲೇ ಕೇಳಿ ತಿಳಿಯಬಹುದು. ಸ್ಮಾರ್ಟ್ ಪ್ಲಗ್‌ನಿಂದ ನೇರವಾಗಿ ವಿದ್ಯುತ್ತನ್ನೇ ಕಡಿಯುವುದು ಒಳ್ಳೆಯದಲ್ಲ. ಒಎಲ್‌ಇಡಿ ಟಿವಿಗಳು ಪರದೆಯ ನಿರ್ವಹಣಾ ಕೆಲಸವನ್ನು ಸ್ಟ್ಯಾಂಡ್‌ಬೈನಲ್ಲೇ ಮಾಡಿಕೊಳ್ಳುತ್ತವೆ.

ನಿಯಮಗಳು

ಚಲನೆ ಕಂಡಾಗಲೆಲ್ಲ ಕಾಲಗಣನೆ ಮೊದಲಿನಿಂದ ಶುರುವಾಗಬೇಕು. 15ರಿಂದ 20 ನಿಮಿಷ ಯಾರ ಸುಳಿವೂ ಇಲ್ಲದಿದ್ದರೆ ಮಾತ್ರ ಟಿವಿ ಆಫ್ ಆಗಬೇಕು. ಪಿಐಆರ್ ಒಂದನ್ನೇ ನೆಚ್ಚಿದರೆ ಈ ಅವಧಿಯನ್ನು ಇನ್ನೂ ಹೆಚ್ಚಿಸಬೇಕು. ಮನೆಯವರು ಕೈಯಾರೆ ಆಫ್ ಮಾಡಿದ್ದರೆ, ಯಾರೋ ನೀರು ಕುಡಿಯಲು ಹಾದುಹೋದರೆಂದು ಮತ್ತೆ ಆನ್ ಆಗಬಾರದು. ರಾತ್ರಿಯ ಹೊತ್ತು ತಾನಾಗಿ ಆನ್ ಆಗುವುದನ್ನು ಪೂರ್ತಿ ತಡೆಯಬೇಕು. ಮನೆಯ ರಿಮೋಟ್ ಎಂದಿನಂತೆಯೇ ಕೆಲಸ ಮಾಡಬೇಕು, ಅದರ ಮಾತೇ ಮೇಲಾಗಬೇಕು.

ನಮ್ಮ ಮನೆಗಳಲ್ಲಿ

ಭಾರತದ ಬಹುಪಾಲು ಟಿವಿಗಳ ಜೊತೆ ಸೆಟ್‌ಟಾಪ್ ಬಾಕ್ಸ್ ಇರುತ್ತದೆ. ಬೆಂಗಳೂರು, ಮೈಸೂರುಗಳ ಕೇಬಲ್ ಸಂಪರ್ಕಕ್ಕೆ ಡಿಜಿಟಲ್ ವ್ಯವಸ್ಥೆಯ ಗಡುವು 2013ರ ಮಾರ್ಚ್ 31 ಆಗಿತ್ತು. ಆದ್ದರಿಂದ ನಿಯಂತ್ರಕ ಎರಡು ಉಪಕರಣಗಳಿಗೆ ಎರಡು ಸಂಕೇತಗಳನ್ನು ನಡುವೆ ಕೆಲವು ಸೆಕೆಂಡು ಬಿಡುವು ಕೊಟ್ಟು ಕಳುಹಿಸಬೇಕು. ಕರೆಂಟು ಹೋಗಿ ಬಂದಾಗ ಕೆಲವು ಟಿವಿಗಳು ಹಿಂದಿನ ಸ್ಥಿತಿಗೆ ಮರಳುತ್ತವೆ, ಕೆಲವು ಸ್ಟ್ಯಾಂಡ್‌ಬೈನಲ್ಲಿ ಉಳಿಯುತ್ತವೆ. ಹಾಗಾಗಿ ಪ್ರತಿ ಸಲವೂ ಸ್ಥಿತಿಯನ್ನು ಹೊಸದಾಗಿ ಅಳೆಯಬೇಕು.

ಸುತ್ತಲಿನ ಉಷ್ಣತೆ ಮೈಯ ಉಷ್ಣತೆಗೆ ಹತ್ತಿರವಾದಂತೆ ಪಿಐಆರ್ ಮಂಕಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ರೇಡಾರ್ ಘಟಕವೇ ಹೆಚ್ಚು ಭರವಸೆಯದು. ಕಿಟಕಿಯ ಬಿಸಿಲು, ಬೆಕ್ಕು ಮತ್ತು ಸಂವೇದಕದ ಮೇಲೆಯೇ ಹರಿದಾಡುವ ಹಲ್ಲಿ ಸುಳ್ಳು ಸೂಚನೆ ಕೊಡಿಸಬಲ್ಲವು.

ಉಪಯೋಗ ಮತ್ತು ಮಿತಿ

ವಸ್ತುಸಂಗ್ರಹಾಲಯದಲ್ಲಿ ಸಂದರ್ಶಕರು ಬಂದಾಗ ಮಾತ್ರ ಪರದೆ ಬೆಳಗಿಸಲು, ಕೈಕಾಲು ಆಡದವರಿಗೆ ನೆರವಾಗಲು, ದೂರ ಅಳೆಯುವ ಸಂವೇದಕ ಸೇರಿಸಿ ಮಕ್ಕಳು ಪರದೆಗೆ ತೀರಾ ಹತ್ತಿರ ಕೂರದಂತೆ ನೋಡಿಕೊಳ್ಳಲು ಈ ವ್ಯವಸ್ಥೆ ಒದಗುತ್ತದೆ. ಕ್ಯಾಮೆರಾ ಇಲ್ಲದಿರುವುದು ಇದರ ದೊಡ್ಡ ಗುಣ: ಕೋಣೆಯಲ್ಲಿ ಯಾರೋ ಇದ್ದಾರೆ ಎಂಬುದಷ್ಟೇ ಪಿಐಆರ್‌ಗೆ ಗೊತ್ತಾಗುತ್ತದೆ, ಯಾರು ಎಂಬುದು ಗೊತ್ತಾಗುವುದಿಲ್ಲ. ಅವಕೆಂಪು ಆಜ್ಞೆಗೆ ಗುಪ್ತಪದವಿಲ್ಲ ಎಂಬುದು ಮಿತಿ. ಮಿಚ್ ಆಲ್ಟ್‌ಮನ್ 2004ರಲ್ಲಿ ಮಾರುಕಟ್ಟೆಗೆ ತಂದ 'ಟಿವಿ-ಬಿ-ಗಾನ್' ಎಂಬ ಪುಟ್ಟ ಉಪಕರಣ ಹಲವು ಕಂಪನಿಗಳ ಸಂಕೇತಗಳನ್ನು ಸಾಲಾಗಿ ಕಳುಹಿಸಿ, ಎದುರಿಗಿರುವ ಬಹುತೇಕ ಟಿವಿಗಳನ್ನು ಆಫ್ ಮಾಡುತ್ತಿತ್ತು. ಬ್ಲೂಟೂತ್ ರಿಮೋಟ್ ಮಾತ್ರ ಒಪ್ಪುವ ಉಪಕರಣಗಳಿಗೆ ಅವಕೆಂಪಿನ ದಾರಿ ಒದಗದು.

60 ವ್ಯಾಟ್‌ನ ಟಿವಿ ದಿನಕ್ಕೆ ಮೂರು ಗಂಟೆ ನೋಡುವವರಿಲ್ಲದೆ ಉರಿಯುತ್ತದೆ ಎಂದುಕೊಂಡರೆ ತಿಂಗಳಿಗೆ 5.4 ಯೂನಿಟ್ ವ್ಯರ್ಥ. ಹಗಲಿರುಳೂ ಒಂದು ವ್ಯಾಟ್ ಬಳಸುವ ನಿಯಂತ್ರಕದ ಖರ್ಚು 0.72 ಯೂನಿಟ್. ಈ ಉಳಿತಾಯವೆಲ್ಲ ಬರುವುದು ಆಫ್ ಮಾಡುವುದರಿಂದ. ತಾನಾಗಿ ಆನ್ ಆಗುವುದು ಬರೀ ಅನುಕೂಲ, ತಪ್ಪುಗಳಿಗೂ ಅದರಲ್ಲೇ ಅವಕಾಶ ಹೆಚ್ಚು. ಆದ್ದರಿಂದ ಹೊಸದಾಗಿ ಜೋಡಿಸುವವರು ಟಿವಿಯ ಸ್ಥಿತಿ ತಿಳಿಯುವ ಏರ್ಪಾಟನ್ನು ಮೊದಲು ಮಾಡಿಕೊಂಡು, ಆಫ್ ಮಾಡುವ ಭಾಗವನ್ನಷ್ಟೇ ಕೆಲವು ವಾರ ನಡೆಸಿ ನೋಡಬೇಕು. ಅದು ಮನೆಯವರೆಲ್ಲರಿಗೂ ಒಗ್ಗಿದ ಮೇಲೆ ಆನ್ ಮಾಡುವ ಭಾಗವನ್ನು ಸೇರಿಸುವುದು ಸರಿಯಾದ ಕ್ರಮ.